ಕುದುರೆ ಸವಾರಿಗೆ ಹಳದಿಯೋ, ರಾಣಿ ಪಿಂಕೋ?

ಪ್ರಶ್ನೆ: ನಮ್ಮೂರು ಹಾಸನ. ಏಳು ವರ್ಷದಿಂದ ಇಂಗ್ಲೆಂಡಿನ ವಿಲ್ಟ್‌ಶೈರ್‌ನಲ್ಲಿದ್ದೇವೆ. ಇಲ್ಲಿಗೆ ಬಂದ ಮೇಲೆ ನಾನೂ ನನ್ನ 11 ವರ್ಷದ ಮಗಳೂ ಕುದುರೆ ಸವಾರಿ ಕಲಿತೆವು. ವಾರಕ್ಕೆ ಎರಡು ದಿನ ಲಾಯದಿಂದ ಹೊರಟು, ಒಂದು ಮೈಲಿ ಹಳ್ಳಿ ರಸ್ತೆಯಲ್ಲಿ ಹೋಗಿ, ಆಮೇಲೆ ಕುದುರೆ ಹಾದಿ ಹಿಡಿಯುತ್ತೇವೆ. ರಸ್ತೆ ಕಿರಿದು, ಎರಡೂ ಕಡೆ ಎತ್ತರದ ಬೇಲಿ. ನನ್ನ ಕುದುರೆ ಕಡುಕಂದು ಬಣ್ಣದ್ದು. ಕಳೆದ ತಿಂಗಳು ತಿರುವಿನಲ್ಲಿ ಒಂದು ಕಾರು ತೀರಾ ಹತ್ತಿರ ಬಂದು ಬ್ರೇಕ್ ಹಾಕಿತು. ಡ್ರೈವರ್ "ಕಾಣಲೇ ಇಲ್ಲ" ಅಂದರು. ಈಗ ಎದ್ದು ಕಾಣುವ ಜಾಕೆಟ್ ಕೊಳ್ಳಬೇಕು. ಲಾಯದಲ್ಲಿ ಒಬ್ಬರು ಹಳದಿನೇ ತಗೋ ಅಂತಾರೆ, ಇನ್ನೊಬ್ಬರು ಪಿಂಕ್ ಬಿಟ್ಟು ಬೇರೆ ಬೇಡ ಅಂತಾರೆ. ಅಂಗಡಿಯಲ್ಲಿ ಕಿತ್ತಳೆಯೂ ಇದೆ. ಯಾವುದು ಸರಿ? ಇಂಥ ಬಣ್ಣಕ್ಕೆ ಕುದುರೆ ಬೆದರುವುದಿಲ್ವಾ?
(ಹೆಸರು ಬೇಡ, ವಿಲ್ಟ್‌ಶೈರ್)

ಉತ್ತರ: ನಿಮ್ಮ ಲಾಯದ ಇಬ್ಬರೂ ಸರಿಯೇ. ಒಬ್ಬರು ಸಂಜೆಯ ಮಾತಾಡುತ್ತಿದ್ದಾರೆ, ಇನ್ನೊಬ್ಬರು ಮಧ್ಯಾಹ್ನದ ಮಾತು. ಬಣ್ಣಕ್ಕೆ ಆಮೇಲೆ ಬರೋಣ. ಅದಕ್ಕಿಂತ ಮೊದಲು ಒಂದು ಗೊಂದಲ ಬಿಡಿಸಬೇಕು.

ನಮ್ಮೂರ ಕಡೆ ಹೊಳೆಯೋದಕ್ಕೆಲ್ಲ 'ರೇಡಿಯಂ' ಅಂತೀವಿ. ಬೈಕಿನ ಸ್ಟಿಕ್ಕರ್ ರೇಡಿಯಂ, ಟ್ರಾಫಿಕ್ ಪೊಲೀಸರ ಜಾಕೆಟ್ ರೇಡಿಯಂ, ಕಣ್ಣಿಗೆ ಹೊಡೆಯುವ ಗಿಳಿಹಸಿರು ಸೀರೆಯೂ ರೇಡಿಯಂ ಕಲರ್. ಇದ್ಯಾವುದರಲ್ಲೂ ರೇಡಿಯಂ ಇಲ್ಲ, ಅದು ಬಿಡಿ. ತೊಂದರೆ ಏನೆಂದರೆ, ಪೂರ್ತಿ ಬೇರೆ ಬೇರೆ ಕೆಲಸ ಮಾಡುವ ಎರಡು ವಸ್ತುಗಳಿಗೆ ನಾವು ಒಂದೇ ಹೆಸರಿಟ್ಟಿದ್ದೇವೆ.

ಒಂದು ಫ್ಲೋರೊಸೆಂಟ್ ಬಟ್ಟೆ. ಸೂರ್ಯನ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಕಾಣದ ಅಲ್ಟ್ರಾವಯಲೆಟ್ ಕಿರಣ ಇರುತ್ತದಲ್ಲ, ಈ ಬಟ್ಟೆ ಅದನ್ನು ಹೀರಿಕೊಂಡು ಕಾಣುವ ಬಣ್ಣವಾಗಿ ಹೊರಗೆ ಬಿಡುತ್ತದೆ. ಅದಕ್ಕೇ ತನ್ನ ಮೇಲೆ ಬಿದ್ದ ಬೆಳಕಿಗಿಂತ ಜಾಸ್ತಿ ಹೊಳೆದಂತೆ ಕಾಣುವುದು. ಮೋಡ ಮುಚ್ಚಿದ್ದರೂ ಈ ಕಿರಣ ಬರುತ್ತದೆ, ಹಾಗಾಗಿ ಇಂಗ್ಲೆಂಡಿನ ಬೂದು ಹಗಲಿಗೆ ಇದು ಹೇಳಿ ಮಾಡಿಸಿದ್ದು. ಆದರೆ ಕತ್ತಲಾದ ಮೇಲೆ ಇದರ ಆಟ ಮುಗಿಯಿತು. ಕಾರಿನ ಹೆಡ್‌ಲೈಟ್‌ನಲ್ಲಿ ಆ ಕಿರಣ ತೀರಾ ಕಮ್ಮಿ.

ಇನ್ನೊಂದು ರಿಫ್ಲೆಕ್ಟಿವ್ ಪಟ್ಟಿ, ಜಾಕೆಟ್ ಮೇಲೆ ಬೂದು ಬೆಳ್ಳಿ ಬಣ್ಣದಲ್ಲಿ ಹೊಲಿದಿರುತ್ತಾರಲ್ಲ, ಅದು. ಅದರ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ಗಾಜಿನ ಮಣಿಗಳು. ಬೆಳಕು ಎಲ್ಲಿಂದ ಬಂತೋ ಅದೇ ದಾರಿಯಲ್ಲಿ ವಾಪಸ್ ಕಳಿಸುತ್ತವೆ. ಹೆಡ್‌ಲೈಟ್ ಬಿಟ್ಟವನ ಕಣ್ಣಿಗೆ ಅದು ದೀಪದ ಹಾಗೆ ಹೊತ್ತಿಕೊಳ್ಳುತ್ತದೆ. ಪಕ್ಕದಲ್ಲಿ ನಿಂತವನಿಗೆ ಬರೀ ಬೂದು ಪಟ್ಟಿ. ಹಗಲಲ್ಲಿ ಅದರಿಂದ ಹೆಚ್ಚು ಪ್ರಯೋಜನ ಇಲ್ಲ.

ಲಾಯಕ್ಕೆ ಹೊಸದಾಗಿ ಬಂದವರಿಂದ ನಾನು ಮೊದಲು ಒಂದು ಪರೀಕ್ಷೆ ಮಾಡಿಸುತ್ತೇನೆ. ಕತ್ತಲೆಯ ಕೊಟ್ಟಿಗೆಯಲ್ಲಿ ಜಾಕೆಟ್ ನೇತುಹಾಕಿ, ಮೊಬೈಲ್ ಟಾರ್ಚನ್ನು ಕಣ್ಣಿನ ಪಕ್ಕದಲ್ಲೇ ಹಿಡಿದು ನೋಡಿ. ಪಟ್ಟಿ ಬೆಂಕಿಯ ಹಾಗೆ ಹೊಳೆಯುತ್ತದೆ. ಈಗ ಟಾರ್ಚನ್ನು ಸೊಂಟದ ಹತ್ತಿರ ಇಳಿಸಿ. ಹೊಳಪು ತಟ್ಟನೆ ಕುಂದುತ್ತದೆ. ಒಮ್ಮೆ ಇದನ್ನು ನೋಡಿದವರಿಗೆ ಎರಡರ ವ್ಯತ್ಯಾಸ ಮತ್ತೆ ಹೇಳಬೇಕಾಗಿಲ್ಲ.

ಈಗ ಬಣ್ಣ. ಹಗಲಿನಲ್ಲಿ ಮನುಷ್ಯನ ಕಣ್ಣು ಅತಿ ಚುರುಕಾಗಿರುವುದು ಹಳದಿ ಹಸಿರಿನ ನಡುವೆ, ಸುಮಾರು 555 ನ್ಯಾನೊಮೀಟರ್ ಅಲೆಯ ಬೆಳಕಿಗೆ. ಹಳದಿ ಜಾಕೆಟ್ ಎಲ್ಲ ಕಡೆ ಕಾಣಿಸಲು ಇದೇ ಕಾರಣ. ಆದರೆ ಕಣ್ಣು ಬಣ್ಣವನ್ನು ಒಂಟಿಯಾಗಿ ನೋಡುವುದಿಲ್ಲ, ಹಿಂದೆ ಏನಿದೆ ಅನ್ನುವುದರ ಜೊತೆ ನೋಡುತ್ತದೆ. ಪೇಟೆಯ ಡಾಂಬರು, ಕಾಂಕ್ರೀಟ್ ಮುಂದೆ ಹಳದಿ ಎದ್ದು ಕಾಣುತ್ತದೆ. ನಿಮ್ಮ ವಿಲ್ಟ್‌ಶೈರ್ ಬೇಲಿಯ ಮುಂದೆ? ಮೇ ತಿಂಗಳ ಎಳೆ ಚಿಗುರಿನ ಮೇಲೆ ಬಿಸಿಲು ಬಿದ್ದಾಗ ಅದೂ ಹೆಚ್ಚುಕಡಿಮೆ ಅದೇ ಗಿಳಿಹಸಿರು. ಏಪ್ರಿಲ್, ಮೇನಲ್ಲಿ ಬೇಲಿಯಾಚೆ ರೇಪ್‌ಸೀಡ್ ಹೂ ಬಿಟ್ಟಿರುತ್ತದೆ. ನಮ್ಮ ಸಾಸಿವೆಯ ದಾಯಾದಿ ಅದು. ಹೊಲಕ್ಕೆ ಹೊಲವೇ ಹಳದಿ. ಅದರ ಮುಂದೆ ಹಳದಿ ಜಾಕೆಟ್ ಹಾಕಿ ಹೋಗುವುದು ಎಲೆ ಮರೆಯಲ್ಲಿ ಗಿಳಿ ಕೂತ ಹಾಗೆ.

ಪಿಂಕ್ ಗೆಲ್ಲುವುದು ಇಲ್ಲೇ. ನಮ್ಮ ಸೀರೆ ಅಂಗಡಿಯವರು ರಾಣಿ ಪಿಂಕ್ ಅಂತಾರಲ್ಲ, ಅಂಥ ಬಣ್ಣ ಬೇಲಿಯಲ್ಲೂ ಇಲ್ಲ, ಹೊಲದಲ್ಲೂ ಇಲ್ಲ, ಒಣಗಿದ ಎಲೆಯಲ್ಲೂ ಇಲ್ಲ. ಅಲ್ಲೊಂದು ಇಲ್ಲೊಂದು ಕಾಡುಹೂವು ಬಿಟ್ಟರೆ ಅದಕ್ಕೆ ಪೈಪೋಟಿಯೇ ಇಲ್ಲ. ಕಿತ್ತಳೆ ಬಣ್ಣವೂ ಹಸಿರಿನ ಮುಂದೆ ಚೆನ್ನಾಗಿ ಕಾಣುತ್ತದೆ. ಅಕ್ಟೋಬರ್, ನವೆಂಬರ್‌ನಲ್ಲಿ ಬೀಚ್ ಅನ್ನುವ ಜಾತಿಯ ಮರಗಳು ಕೆಂಪಗಾದಾಗ ಮಾತ್ರ ಮಸುಕಾಗುತ್ತದೆ. ಬ್ರಿಟನ್ನಿನ ರೈಲ್ವೆ ಹಳಿ ಕೆಲಸದವರು ಕಿತ್ತಳೆಯನ್ನೇ ಹಾಕುತ್ತಾರೆ. ಹಾಗಾಗಿ ಕಿತ್ತಳೆ ಕೈಲಾಗದ ಬಣ್ಣವೇನಲ್ಲ.

ಹಾಗಾದರೆ ಪಿಂಕೇ ತಗೊಂಡು ಮುಗಿಸೋಣ ಅಂದರೆ, ಇಲ್ಲ. ಎರಡು ಅಡ್ಡಿ ಇವೆ.

ಮೊದಲನೆಯದು ಮುಸ್ಸಂಜೆ. ಊರಿನ ಹಿತ್ತಲಲ್ಲಿ ದಾಸವಾಳ ನೋಡಿದ್ದೀರಲ್ಲ. ಹಗಲು ಕೆಂಪಗೆ ಉರಿಯುವ ಹೂ, ದೀಪ ಹಚ್ಚುವ ಹೊತ್ತಿಗೆ ಕಪ್ಪಗಾಗಿಬಿಡುತ್ತದೆ. ಎಲೆ ಮಾತ್ರ ಇನ್ನೂ ತಿಳಿಯಾಗಿ ಕಾಣುತ್ತಿರುತ್ತದೆ. ಬೆಳಕು ಇಳಿದಂತೆ ಕಣ್ಣು ಕೆಂಪನ್ನು ಮೊದಲು ಕೈಬಿಡುತ್ತದೆ, ಹಸಿರು ನೀಲಿಯ ಕಡೆ ವಾಲುತ್ತದೆ. ಪಿಂಕ್, ಕಿತ್ತಳೆ ಎರಡರಲ್ಲೂ ಕೆಂಪಿನ ಪಾಲು ಜಾಸ್ತಿ. ಹಾಗಾಗಿ ಮಬ್ಬು ಬೆಳಕಿನಲ್ಲಿ ಅವು ಮೊದಲು ಸೋಲುತ್ತವೆ, ಹಳದಿ ಇನ್ನೂ ಸ್ವಲ್ಪ ಹೊತ್ತು ನಿಲ್ಲುತ್ತದೆ. ಡಿಸೆಂಬರ್‌ನಲ್ಲಿ ನಿಮ್ಮಲ್ಲಿ ಸಂಜೆ 4ಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ಹಾಸನದ ಲೆಕ್ಕದಲ್ಲಿ ಇನ್ನೂ ಕಾಫಿ ಹೊತ್ತು.

ಎರಡನೆಯದು ಡ್ರೈವರ್‌ನ ಕಣ್ಣು. ಯುರೋಪಿನ ಗಂಡಸರಲ್ಲಿ ಸುಮಾರು 12ಕ್ಕೆ ಒಬ್ಬರಿಗೆ ಕೆಂಪು ಹಸಿರು ಸರಿಯಾಗಿ ಬೇರೆ ಆಗುವುದಿಲ್ಲ. ಹೆಂಗಸರಲ್ಲಿ 200ಕ್ಕೆ ಒಬ್ಬರು. ನಿಮಗೆ ಬೆಂಕಿಯ ಹಾಗೆ ಕಂಡ ಪಿಂಕ್ ಅವರಲ್ಲಿ ಕೆಲವರಿಗೆ ಬೂದು ನೀಲಿಯಾಗಿ ಕಾಣಬಹುದು.

ಹಾಗಾಗಿ ನನ್ನ ಆಯ್ಕೆ ಎರಡು ಬಣ್ಣದ್ದು. ಜಾಕೆಟ್ ಪಿಂಕ್, ಕುದುರೆಯ ಮೇಲಿನ ಹೊದಿಕೆ ಹಳದಿ. ಅಥವಾ ತಿರುಗಾಮುರುಗ. ಎರಡು ಗಾಢ ಬಣ್ಣ ಪಕ್ಕಪಕ್ಕ ಇದ್ದರೆ ಹಿಂದೆ ಯಾವ ಹೊಲ ಬಂದರೂ ಒಂದಾದರೂ ಎದ್ದು ನಿಲ್ಲುತ್ತದೆ. ನೋಡುವುದಕ್ಕೆ ಜಾತ್ರೆ ಬತ್ತಾಸಿನ ಹಾಗಿರುತ್ತೆ, ಇರಲಿ ಬಿಡಿ.

ಕೊಳ್ಳುವಾಗ ಲೇಬಲ್ ನೋಡಿ. ರಸ್ತೆ ಕೆಲಸದವರ ಬಟ್ಟೆಗೆ ಇರುವ ಇಎನ್ ಐಎಸ್ಒ 20471 ಮಾನದಂಡದಲ್ಲಿ ಮೂರೇ ಬಣ್ಣ: ಹಳದಿ, ಕೆಂಪು ಛಾಯೆಯ ಕಿತ್ತಳೆ, ಕೆಂಪು. ಪಿಂಕ್ ಅದರಲ್ಲಿ ಇಲ್ಲ. ಹಾಗಂತ ಪಿಂಕ್ ಕಳಪೆಯಲ್ಲ. ಕೆಲಸಕ್ಕಲ್ಲದೆ ಹೊರಗೆ ಓಡಾಡುವವರಿಗೆಂದು ಇದ್ದ ಇಎನ್ 1150ರಲ್ಲಿ ಪಿಂಕ್ ಇತ್ತು. 2020ರಿಂದ ಅದರ ಜಾಗಕ್ಕೆ ಇಎನ್ 17353 ಬಂದಿದೆ. ಯಾವ ಸಂಖ್ಯೆಯೂ ಇಲ್ಲದ ಪಿಂಕ್ ಜಾಕೆಟ್ ಬರೀ ಪಿಂಕ್ ಜಾಕೆಟ್ ಆಗಿರುವ ಸಾಧ್ಯತೆಯೇ ಜಾಸ್ತಿ.

ಬಣ್ಣದಷ್ಟೇ ಮುಖ್ಯ, ಅದನ್ನು ಎಲ್ಲಿ ಹಾಕುತ್ತೀರಿ ಅನ್ನುವುದು. ನಿಮ್ಮ ರಸ್ತೆಯ ಬೇಲಿ ಎತ್ತರ. ತಿರುವಿನಾಚೆ ಬರುವ ಡ್ರೈವರ್‌ಗೆ ಬೇಲಿಯ ಮೇಲೆ ಮೊದಲು ಕಾಣುವುದು ಜಾಕೆಟ್ ಅಲ್ಲ, ನಿಮ್ಮ ತಲೆ. ಅದಕ್ಕೆ ಕಪ್ಪು ಹೆಲ್ಮೆಟ್ ಹಾಕಿದರೆ ಉಳಿದದ್ದೆಲ್ಲ ತಡವಾಗುತ್ತದೆ. ಹಾಗಾಗಿ ದುಡ್ಡು ಒಂದಕ್ಕೇ ಸಾಕಾಗುವುದಾದರೆ ನಾನು ಹೆಲ್ಮೆಟ್ಟಿನ ಕವರ್ ತಗೊಳ್ಳಿ ಅಂತೀನಿ. ಬೆಲೆಯೂ ಕಮ್ಮಿ.

ಎರಡನೆಯದು ಕುದುರೆಯ ಕಾಲು. ಹೆಡ್‌ಲೈಟ್ ಡಿಮ್ ಮಾಡಿದಾಗ ಬೆಳಕು ಕೆಳಗೆ ಬೀಳುತ್ತದೆ, ಮೊದಲು ಸಿಗುವುದು ಕಾಲೇ. ಅದೂ ಅಲ್ಲದೆ ಕಾಲು ಆಡುತ್ತಿರುತ್ತದೆ. ಸುಮ್ನೆ ನಿಂತ ಹೊಳಪು ಗೇಟಿನದೋ ಕಸದ ಡಬ್ಬಿಯದೋ ಇರಬಹುದು. ಮೇಲೆ ಕೆಳಗೆ ಆಡುವ ನಾಲ್ಕು ಪಟ್ಟಿ ಕಂಡರೆ ಇದು ಜೀವ ಇರುವಂಥದ್ದು, ಕುದುರೆ, ಅಂತ ತಲೆಗೆ ತಕ್ಷಣ ಹೊಳೆಯುತ್ತದೆ. ಬ್ರಿಟನ್ನಿನ ರಸ್ತೆ ನಿಯಮಗಳ ಕೈಪಿಡಿ ಹೈವೇ ಕೋಡ್ ಕೂಡ ಕತ್ತಲಲ್ಲಿ ಹೋಗಲೇಬೇಕಾದರೆ ಗೊರಸಿನ ಮೇಲಿನ ಕೀಲಿನ ಮೇಲ್ಗಡೆ ರಿಫ್ಲೆಕ್ಟಿವ್ ಪಟ್ಟಿ ಕಟ್ಟಲು ಹೇಳುತ್ತದೆ. ಸವಾರರ ಬಲಗೈಗೋ ಬಲಗಾಲಿಗೋ ಮುಂದೆ ಬಿಳಿ, ಹಿಂದೆ ಕೆಂಪು ತೋರಿಸುವ ದೀಪವನ್ನೂ ಕಟ್ಟಿಕೊಳ್ಳಬೇಕು. ಕತ್ತಲಲ್ಲಿ ರಸ್ತೆಗೆ ಹೋಗದಿರುವುದೇ ಒಳ್ಳೆಯದು ಅಂತಲೂ ಅದೇ ಹೇಳುತ್ತದೆ. ನನ್ನದೂ ಅದೇ ಮಾತು.

ಇಷ್ಟೆಲ್ಲ ಯಾಕೆ ಅಂದರೆ ಲೆಕ್ಕ ನೋಡಿ. ನಿಮ್ಮಂಥ ಹಳ್ಳಿ ರಸ್ತೆಗಳಲ್ಲಿ ಬೇರೆ ಬೋರ್ಡ್ ಇಲ್ಲದಿದ್ದರೆ 60 ಮೈಲಿ ವೇಗಕ್ಕೆ ಅವಕಾಶ ಇದೆ. ಅಂದರೆ ಸೆಕೆಂಡಿಗೆ ಸುಮಾರು 27 ಮೀಟರ್. ಆ ವೇಗದಲ್ಲಿ ಕಾರು ನಿಲ್ಲಲು 73 ಮೀಟರ್ ಬೇಕು ಅನ್ನುತ್ತದೆ ಹೈವೇ ಕೋಡ್. 40 ಮೈಲಿ ವೇಗವಾದರೆ 36 ಮೀಟರ್. 2022ರ ಜನವರಿ 29ರಿಂದ ಅದೇ ಕೋಡ್, ಗಾಡಿಯವರು ಕುದುರೆಯನ್ನು ದಾಟಿ ಹೋಗುವಾಗ 10 ಮೈಲಿಗಿಂತ ಜೋರಾಗಿ ಹೋಗಬಾರದು, ಕನಿಷ್ಠ 2 ಮೀಟರ್ ಅಂತರ ಬಿಡಬೇಕು ಅಂತಲೂ ಹೇಳಿದೆ. ಡ್ರೈವರ್ ಒಳ್ಳೆಯವನೇ ಇರಬಹುದು. ಆದರೆ 60ರಿಂದ 10ಕ್ಕೆ ಇಳಿಯಲು ಅವನಿಗೆ ಜಾಗ ಬೇಕು. ಅದನ್ನು ಕೊಡುವುದು ನಿಮ್ಮ ಬಟ್ಟೆ.

ಒಂದು ಹೊತ್ತಲ್ಲಿ ಮಾತ್ರ ಯಾವ ಬಟ್ಟೆಯೂ ನೆರವಿಗೆ ಬರುವುದಿಲ್ಲ. ಚಳಿಗಾಲದಲ್ಲಿ ಸೂರ್ಯ ತಗ್ಗಿನಲ್ಲಿರುತ್ತಾನೆ. ಅವನು ನಿಮ್ಮ ಬೆನ್ನ ಹಿಂದಿದ್ದರೆ ಎದುರಿಂದ ಬರುವವನಿಗೆ ನೀವು ಬರೀ ಕಪ್ಪು ಆಕೃತಿ. ಪಿಂಕೂ ಇಲ್ಲ, ಹಳದಿಯೂ ಇಲ್ಲ. ನಿಮ್ಮ ಮುಂದೆ ನಿಮ್ಮದೇ ನೆರಳು ಉದ್ದಕ್ಕೆ ಚಾಚಿದ್ದು ಕಂಡರೆ, ಎದುರಿನವನ ಕಣ್ಣಿಗೆ ಬಿಸಿಲು ಹೊಡೆಯುತ್ತಿದೆ ಅಂತ ತಿಳಿದುಕೊಳ್ಳಿ. ಆ ಅರ್ಧ ಗಂಟೆ ಲಾಯದಲ್ಲೇ ಇರಿ.

ಕುದುರೆ ಬೆದರುತ್ತದಾ ಅಂತ ಕೇಳಿದ್ದೀರಿ. ಬಣ್ಣಕ್ಕೆ ಅಷ್ಟಾಗಿ ಇಲ್ಲ. ಕುದುರೆಯ ಕಣ್ಣಿಗೆ ಹಳದಿ, ನೀಲಿ ಬೇರೆ ಬೇರೆ. ಕೆಂಪು ಹಸಿರು ಬೇರೆ ಆಗುವುದಿಲ್ಲ. ಬ್ರಿಟನ್ನಿನ ಕುದುರೆ ಪಂದ್ಯಗಳಲ್ಲಿ ಹಾರುವ ಅಡ್ಡಗಳಿಗೆ ಎಷ್ಟೋ ವರ್ಷ ಕಿತ್ತಳೆ ಬಣ್ಣ ಬಳಿಯುತ್ತಿದ್ದರು. ಮನುಷ್ಯರಿಗೆ ಚೆನ್ನಾಗಿ ಕಾಣುತ್ತಿತ್ತು, ಹಾರಬೇಕಾದ ಕುದುರೆಗೆ ಅದು ಹುಲ್ಲಿನ ಜೊತೆ ಬೆರೆತುಹೋಗುತ್ತಿತ್ತು. ಎಕ್ಸೆಟರ್ ವಿಶ್ವವಿದ್ಯಾಲಯದವರು ಪರೀಕ್ಷಿಸಿ ಹೇಳಿದ ಮೇಲೆ, 2022ರಲ್ಲಿ ಬಿಳಿಗೆ ಬದಲಾಯಿಸುವ ತೀರ್ಮಾನವಾಯಿತು. ಕುದುರೆ ಬೆದರುವುದು ಪಟಪಟ ಹಾರುವ ಅಂಚಿಗೆ, ವೆಲ್ಕ್ರೋ ಪರ್ರ್ ಅಂತ ಕಿತ್ತಾಗ ಬರುವ ಸದ್ದಿಗೆ. ಮೈಗೆ ಸರಿಯಾಗಿ ಕೂರುವುದನ್ನೇ ತಗೊಳ್ಳಿ. ಮೊದಲು ಮಡಿಸಿ ಮೂಸಲು ಕೊಡಿ, ಮಾರನೇ ದಿನ ಬೆನ್ನಿಗೆ ಹಾಕಿ ಲಾಯದ ಅಂಗಳದಲ್ಲೇ ನಡೆಸಿ. ಜೀನಿನ ಮೇಲೆ ಕೂತುಕೊಂಡು ಜಾಕೆಟ್ ಹಾಕುವ ಸಾಹಸ ಬೇಡ.

ಮಗಳ ವಿಷಯ. ಬ್ರಿಟನ್ನಿನಲ್ಲಿ ಎದ್ದು ಕಾಣುವ ಬಟ್ಟೆ ಕಡ್ಡಾಯವಲ್ಲ, ಆದರೆ 14ಕ್ಕಿಂತ ಚಿಕ್ಕವರಿಗೆ ರಸ್ತೆಯಲ್ಲಿ ಹೆಲ್ಮೆಟ್ ಕಡ್ಡಾಯ. 1990ರಿಂದ ಅದಕ್ಕೆ ಕಾಯ್ದೆಯೇ ಇದೆ. ಅವಳ ಜಾಕೆಟ್ ಬಣ್ಣ ಅವಳೇ ಆರಿಸಲಿ. ಅಮ್ಮ ಕೊಡಿಸಿದ್ದನ್ನು ಮಕ್ಕಳು ಲಾಯದ ಮೊಳೆಗೆ ನೇತುಹಾಕಿ ಹೋಗುವುದನ್ನು ಬೇಕಾದಷ್ಟು ನೋಡಿದ್ದೇನೆ.

ಅಂಗಡಿಯಲ್ಲಿ ನೀಲಿ ಬಿಳಿ ಚೌಕಳಿ ಹಾಕಿ 'ಪೊಲೈಟ್' ಅಂತ ಬರೆದ ಜಾಕೆಟ್ ಕೂಡ ಸಿಗುತ್ತದೆ. ದೂರದಿಂದ ಪೊಲೀಸ್ ಅಂತ ಓದಿಕೊಳ್ಳಲಿ ಅನ್ನುವ ಜಾಣತನ. ನನಗೆ ಇಷ್ಟವಿಲ್ಲ. ಮೋಸ ಹೋದೆ ಅಂತ ಹತ್ತಿರ ಬಂದು ಗೊತ್ತಾದ ಡ್ರೈವರ್ ಸಿಟ್ಟಿನಲ್ಲೇ ದಾಟುತ್ತಾನೆ. ಪೊಲೀಸರಂತೆ ತೋರಿಸಿಕೊಂಡು ಮೋಸ ಮಾಡುವುದು ಅಲ್ಲಿ 1996ರ ಪೊಲೀಸ್ ಕಾಯ್ದೆಯಲ್ಲಿ ಅಪರಾಧ ಕೂಡ. ಆ ಗಡಿಯ ಹತ್ತಿರ ಸುಳಿಯುವುದೇ ಬೇಡ.

ತೊಳೆಯುವಾಗ ಲೇಬಲ್ಲಿನಲ್ಲಿ ಎಷ್ಟು ಸಲ ಒಗೆಯಬಹುದು ಅಂತ ಇರುತ್ತದೆ, ನೋಡಿ. ಕಂಡಿಷನರ್ ಹಾಕಬೇಡಿ, ಪಟ್ಟಿಯ ಮೇಲೆ ಇಸ್ತ್ರಿ ಬೇಡ. ನೆರಳಲ್ಲೇ ಒಣಗಿಸಿ. ಹೊಳಪು ಕೊಡುವ ಬಿಸಿಲೇ ಆ ಬಣ್ಣವನ್ನು ನಿಧಾನಕ್ಕೆ ತಿಂದುಹಾಕುತ್ತದೆ.

ಪ್ರಶ್ನೆ: ನಮ್ಮದು ಮಂಡ್ಯದ ಕಡೆ. ಎತ್ತಿನ ಗಾಡಿಯಲ್ಲಿ ಫ್ಯಾಕ್ಟರಿಗೆ ಕಬ್ಬು ಹೊಡೆಯುತ್ತೇವೆ. ರಾತ್ರಿ ಹೊತ್ತು ಲಾರಿಗಳ ಭಯ. ಮಗ ಹಳೇ ಹಳದಿ ಸೇಫ್ಟಿ ಜಾಕೆಟ್ ತಂದುಕೊಟ್ಟಿದ್ದಾನೆ. ಗಾಡಿ ಹಿಂದೆ ಕಟ್ಟಿದರೆ ಸಾಕಾ?
(ರೈತರೊಬ್ಬರು)

ಉತ್ತರ: ಸಾಲದು, ಯಜಮಾನರೇ. ಮೇಲಿನ ಉತ್ತರದಲ್ಲಿ ಹೇಳಿದ ಹಾಗೆ ಆ ಹಳದಿ ಬಟ್ಟೆ ಹಗಲಿನ ಕೆಲಸದ್ದು. ರಾತ್ರಿಗೆ ರಿಫ್ಲೆಕ್ಟಿವ್ ಪಟ್ಟಿಯೇ ಬೇಕು: ಹಿಂದೆ ಕೆಂಪು, ಮುಂದೆ ಬಿಳಿ. ಚಕ್ರಕ್ಕೂ ಎರಡು ತುಂಡು ಅಂಟಿಸಿ. ತಿರುಗುವಾಗ ಗಾಡಿ ಅಂತ ಗೊತ್ತಾಗುತ್ತದೆ.

ಆದರೆ ಕಬ್ಬಿನ ಗಾಡಿಯಲ್ಲಿ ಬೇರೆಯದೇ ತೊಂದರೆ ಇದೆ. ಲೋಡ್ ಆದ ಮೇಲೆ ಜಲ್ಲೆ ಹಿಂದಕ್ಕೆ ಚಾಚಿಕೊಂಡು, ಗಾಡಿಗೆ ಅಂಟಿಸಿದ ಪಟ್ಟಿಯನ್ನೇ ಮುಚ್ಚಿಬಿಡುತ್ತದೆ. ಹಾಗಾಗಿ ಪಟ್ಟಿಯನ್ನು ಒಂದು ಹಲಗೆಗೆ ಹೊಡೆದು, ಕಬ್ಬಿನ ತುದಿಗೆ ಹಗ್ಗದಲ್ಲಿ ಇಳಿಬಿಡಿ. ಒಂದು ಕೆಂಪು ಬ್ಯಾಟರಿ ದೀಪವೂ ಜೊತೆಗಿರಲಿ. ಹೊರಡುವ ಮೊದಲು ಹಿಂದಕ್ಕೆ ಐವತ್ತು ಹೆಜ್ಜೆ ನಡೆದು, ಟಾರ್ಚನ್ನು ಕಣ್ಣಿನ ಪಕ್ಕ ಹಿಡಿದು ನೋಡಿ. ಮಂಕಾಗಿದ್ದರೆ ಧೂಳು ಕೂತಿದೆ ಅಂತ ಅರ್ಥ, ಒದ್ದೆ ಬಟ್ಟೆಯಲ್ಲಿ ಒರೆಸಿ ಆಮೇಲೆ ಎತ್ತು ಹೂಡಿ. ಮಗ ತಂದ ಜಾಕೆಟ್ಟಿನಲ್ಲಿ ಬೆಳ್ಳಿ ಪಟ್ಟಿ ಇನ್ನೂ ಹೊಳೆಯುತ್ತಿದ್ದರೆ ಅದನ್ನು ನೀವೇ ಹಾಕಿಕೊಳ್ಳಿ. ನಡುರಾತ್ರಿ ಗಾಡಿಯಿಂದ ಇಳಿದು ರಸ್ತೆ ಬದಿ ನಡೆಯುವವರು ನೀವೇ ಅಲ್ವಾ.