ಡ್ರೈವ್ ಬಂತು, ಆಟ ಮಾತ್ರ ಏಳಲೊಲ್ಲದು

ಮಾನ್ಯರೇ,

ಬೆಟಗೇರಿಯಿಂದ ನೀವು ಬರೆದ ದೀರ್ಘ ಪತ್ರವನ್ನು ಪೂರ್ತಿ ಅಚ್ಚು ಹಾಕಲು ಜಾಗವಿಲ್ಲದ ಕಾರಣ, ಉಳಿದ ಓದುಗರಿಗಾಗಿ ಅದರ ಸಾರವನ್ನಷ್ಟೇ ಮೊದಲು ಹೇಳಿಬಿಡುತ್ತೇನೆ. ಮಗಳ ಓದಿಗೆಂದು ಕೊಂಡ ವಿಂಡೋಸ್ 11 ಲ್ಯಾಪ್‌ಟಾಪಿನಲ್ಲಿ ಸಿಡಿ ಹಾಕುವ ಜಾಗವೇ ಇಲ್ಲ. ನೀವು ಕಾಲೇಜಿನ ದಿನಗಳಲ್ಲಿ ಕೂಡಿಸಿಟ್ಟ ಆಟದ ಡಿಸ್ಕುಗಳು ಟ್ರಂಕಿನಲ್ಲಿ ಉಳಿದಿದ್ದವು. ಹುಬ್ಬಳ್ಳಿಗೆ ಹೋದಾಗ ಯುಎಸ್‌ಬಿ ಡಿವಿಡಿ ಡ್ರೈವ್ ಒಂದನ್ನು ತಂದು ಜೋಡಿಸಿದಿರಿ, ಆದರೆ ಒಂದೊಂದು ಡಿಸ್ಕು ಒಂದೊಂದು ಬಗೆಯ ತಕರಾರು ತೆಗೆಯಿತು. ‘ದಿ ಸಿಮ್ಸ್’ ಇನ್‌ಸ್ಟಾಲ್ ಆದರೂ, ಡಿಸ್ಕು ಡ್ರೈವಿನಲ್ಲೇ ಇದ್ದರೂ, ಆಟ ತೆರೆಯುವುದಿಲ್ಲ. ‘ಕ್ವೇಕ್’ ಡಿಸ್ಕನ್ನು ನಿಮ್ಮ ಸೋದರಳಿಯ ಐಎಸ್‌ಒ ಎಂಬ ನಕಲು ಕಡತವಾಗಿ ಮಾಡಿ, ಡಾಸ್ ಕಾಲದ ಆಟಗಳನ್ನು ಇಂದಿನ ಕಂಪ್ಯೂಟರಿನಲ್ಲಿ ನಡೆಸುವ ಡಾಸ್‌ಬಾಕ್ಸ್ ತಂತ್ರಾಂಶದಲ್ಲಿ ಓಡಿಸಿದಾಗ ಗುಂಡಿನ ಸದ್ದೆಲ್ಲ ಇದ್ದು ಸಂಗೀತ ಮಾತ್ರ ಮಾಯವಾಗಿತ್ತು. ಮಕ್ಕಳ ಕಲಿಕೆಯ ಹಳೆಯ ಸಿಡಿಯೊಂದರ ಸೆಟಪ್ಪೇ ಶುರುವಾಗಲಿಲ್ಲ. ‘ಡಯಾಬ್ಲೊ 2’ ಪ್ರತಿ ಸಲ ಡಿಸ್ಕು ಕೇಳುತ್ತದೆ. ಡ್ರೈವ್ ಮಾರಿದವರು ಹಳೆಯ ವಿಂಡೋಸ್ ಎಕ್ಸ್‌ಪಿ ಹಾಕಿಸಿ ಎಂದರಂತೆ, ಸೋದರಳಿಯ ಇಂಟರ್‌ನೆಟ್ಟಿನಿಂದ ಆಟದ ಬೀಗ ಮುರಿಯುವ ಕ್ರ್ಯಾಕ್ ಇಳಿಸೋಣ ಎನ್ನುತ್ತಾನಂತೆ. ಅಟ್ಟದ ಮೇಲಿರುವ ಹಳೆಯ ಎಕ್ಸ್‌ಪಿ ಡೆಸ್ಕ್‌ಟಾಪನ್ನು ಗುಜರಿಗೆ ಹಾಕಬಹುದೇ ಎಂಬುದು ನಿಮ್ಮ ಕೊನೆಯ ಪ್ರಶ್ನೆ.

ನೀವು ವಿವರಿಸಿದ ಲಕ್ಷಣಗಳನ್ನು ನೋಡಿದರೆ ಡ್ರೈವ್ ಸರಿಯಾಗಿಯೇ ಇದೆ, ಡಿಸ್ಕುಗಳೂ ಬಹುಮಟ್ಟಿಗೆ ಸರಿಯಾಗಿವೆ. ಅಂದಿನ ಆಟದ ಡಿಸ್ಕಿಗೆ ಒಂದೇ ಕೆಲಸ ಇರಲಿಲ್ಲವೆಂಬುದು ಇಲ್ಲಿಯ ತೊಡಕು. ಕೆಲವು ಆಟಗಳಲ್ಲಿ ಅದು ಕಡತಗಳನ್ನು ಇಟ್ಟುಕೊಂಡ ಉಗ್ರಾಣವಷ್ಟೇ, ಕೆಲವುದರಲ್ಲಿ ಹಾಡಿನ ತಟ್ಟೆಯೂ ಹೌದು, ಇನ್ನು ಕೆಲವುದರಲ್ಲಿ ಆಟದ ಬೀಗ ತೆಗೆಯುವ ಕೀಲಿಕೈ. ಹೊರಗಿನಿಂದ ಜೋಡಿಸಿದ ಡ್ರೈವ್ ಮೊದಲನೆಯ ಕೆಲಸವನ್ನು ಖಂಡಿತ ಮಾಡಿಕೊಡುತ್ತದೆ, ಉಳಿದೆರಡನ್ನು ಮಾಡುತ್ತದೆಂಬ ಭರವಸೆಯಿಲ್ಲ. ಆದ್ದರಿಂದ ಯಾವ ಆಟದಲ್ಲಿ ಡಿಸ್ಕು ಯಾವ ಕೆಲಸಕ್ಕೆ ನಿಂತಿತ್ತು ಎಂದು ತಿಳಿಯದೆ ಎಲ್ಲದಕ್ಕೂ ಒಂದೇ ಮದ್ದು ಹುಡುಕುವುದು ವ್ಯರ್ಥ.

ಡ್ರೈವಿನ ಮಾತು ಬೇಗ ಮುಗಿಯುತ್ತದೆ. ಅದನ್ನು ಯುಎಸ್‌ಬಿ ಹಬ್ಬಿಗೆ ಸಿಕ್ಕಿಸದೆ ನೇರವಾಗಿ ಲ್ಯಾಪ್‌ಟಾಪಿನ ಪೋರ್ಟಿಗೇ ಜೋಡಿಸಿ. ಯುಎಸ್‌ಬಿ 2.0 ಪೋರ್ಟು 500 ಮಿಲಿಆಂಪಿಯರ್, 3.0 ಪೋರ್ಟು 900 ಮಿಲಿಆಂಪಿಯರ್ ವಿದ್ಯುತ್ ಕೊಡಬೇಕೆಂಬುದು ನಿಯಮ. ಹಬ್ಬಿನಲ್ಲಿ ಅದು ಹಂಚಿಹೋದರೆ ಡಿಸ್ಕು ತಿರುಗಲು ಶುರುವಾಗಿ, ಟಿಕ್ ಟಿಕ್ ಎಂದು ನಿಂತು, ಮತ್ತೆ ತಿರುಗುತ್ತದೆ. ಇದನ್ನು ಕಂಡು ಡ್ರೈವ್ ಕೆಟ್ಟಿತೆಂದು ಅಂಗಡಿಗೆ ಮರಳಿಸುವವರೇ ಹೆಚ್ಚು.

ಡಿಸ್ಕುಗಳ ವಿಷಯದಲ್ಲಿ ಮಾತ್ರ ನಿಧಾನ ಬೇಕು. ಒಂದೊಂದನ್ನೂ ಟ್ಯೂಬ್‌ಲೈಟಿನ ಕೆಳಗೆ, ಹೆಸರು ಅಚ್ಚಾದ ಮುಖ ನಿಮ್ಮತ್ತ ಇರುವಂತೆ, ಬೆಳಕಿಗೆ ಅಡ್ಡ ಹಿಡಿದು ನೋಡಿ. ಸೂಜಿ ಚುಚ್ಚಿದಂತಹ ಬೆಳಕಿನ ಚುಕ್ಕೆಗಳು ಕಂಡರೆ ಅಲ್ಲಿ ಅಲ್ಯೂಮಿನಿಯಂ ಪದರು ಉದುರಿದೆ ಅಥವಾ ಕರಗಿದೆ ಎಂದರ್ಥ. ಜನ ಸಾಮಾನ್ಯವಾಗಿ ಹೊಳೆಯುವ ಕೆಳಮುಖವನ್ನೇ ಜೋಪಾನ ಮಾಡುತ್ತಾರೆ, ಆದರೆ ಸಿಡಿಯಲ್ಲಿ ನಿಜವಾಗಿ ಕಾಪಾಡಬೇಕಾದದ್ದು ಮೇಲ್ಮುಖ. 1.2 ಮಿಲಿಮೀಟರ್ ದಪ್ಪದ ಪಾಲಿಕಾರ್ಬೊನೇಟ್ ಇರುವುದು ಕೆಳಗಡೆ. ಮಾಹಿತಿ ಕೆತ್ತಿದ ಲೋಹದ ಪದರು ಇರುವುದು ಹೆಸರಿನ ಅಚ್ಚಿನ ಕೆಳಗೇ, ತೆಳುವಾದ ಮೆರುಗೆಣ್ಣೆಯ ಮರೆಯಲ್ಲಿ. ಹೀಗಾಗಿ ಕೆಳಗಿನ ಗೀರನ್ನು ಪಾಲಿಶ್ ಮಾಡಿ ಸರಿಪಡಿಸಬಹುದು, ಮೇಲೆ ಬಾಲ್‌ಪೆನ್ನಿನಿಂದ ಒತ್ತಿ ಬರೆದ ಗೆರೆ ಮಾತ್ರ ಮಾಹಿತಿಯನ್ನೇ ಕೊಂದಿರುತ್ತದೆ. ಡಿವಿಡಿಯಲ್ಲಿ ಈ ಪದರು 0.6 ಮಿಲಿಮೀಟರಿನ ಎರಡು ಹಾಳೆಗಳ ನಡುವೆ ಇರುವುದರಿಂದ ಅದು ಸ್ವಲ್ಪ ಗಟ್ಟಿ. ಒರೆಸುವಾಗ ಮೆತ್ತನೆಯ ಹತ್ತಿ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕು, ಸುತ್ತು ಹಾಕಿ ಒರೆಸಬಾರದು. ನಡುವಿನ ತೂತಿನ ಬಳಿ ಕೂದಲೆಳೆಯಷ್ಟು ಬಿರುಕಿದ್ದರೂ ಆ ಡಿಸ್ಕನ್ನು ಹಳೆಯ ಡೆಸ್ಕ್‌ಟಾಪಿನ 52 ಎಕ್ಸ್ ಡ್ರೈವಿಗೆ ಹಾಕಬೇಡಿ. ಅದು ನಿಮಿಷಕ್ಕೆ ಸುಮಾರು 10,000 ಸುತ್ತು ತಿರುಗಿಸುತ್ತದೆ, ಡಿಸ್ಕು ಒಳಗೇ ಚೂರಾಗಬಹುದು.

ಕೆಳಮುಖ ನೀಲಿ ಅಥವಾ ಹಸಿರು ಛಾಯೆಯಲ್ಲಿರುವ ಒಂದು ಡಿಸ್ಕು ಇದೆ ಎಂದೂ ಬರೆದಿದ್ದೀರಿ. ಅದು ಕಾರ್ಖಾನೆಯಲ್ಲಿ ಒತ್ತಿದ್ದಲ್ಲ, ಮನೆಯಲ್ಲೋ ಅಂಗಡಿಯಲ್ಲೋ ಬರೆದ ಸಿಡಿ-ಆರ್. ಅದರಲ್ಲಿ ಮಾಹಿತಿ ಇರುವುದು ಬಣ್ಣದ ಲೇಪದಲ್ಲಿ, ಬಿಸಿಲು ಮತ್ತು ಸೆಕೆಗೆ ಆ ಬಣ್ಣ ಮಾಸುತ್ತದೆ. ಗದಗಿನ ಬೇಸಿಗೆಯಲ್ಲಿ ತಗಡಿನ ಟ್ರಂಕು ಎಷ್ಟು ಕಾಯುತ್ತದೆಂದು ನಿಮಗೆ ನಾನು ಹೇಳಬೇಕಿಲ್ಲ. ಮೊದಲು ಅದರ ನಕಲನ್ನೇ ತೆಗೆದುಕೊಳ್ಳಿ.

ನಕಲು ಎಂದರೆ ಫೋಲ್ಡರುಗಳನ್ನು ಎಳೆದು ಪೆನ್‌ಡ್ರೈವಿಗೆ ಹಾಕುವುದಲ್ಲ, ಡಿಸ್ಕಿನ ಪೂರ್ತಿ ಇಮೇಜ್ ಮಾಡುವುದು, ಅಂದರೆ ಡಿಸ್ಕಿನಲ್ಲಿರುವುದನ್ನು ಇದ್ದ ಹಾಗೆಯೇ ಕಡತವಾಗಿ ಇಳಿಸಿಕೊಳ್ಳುವುದು. ಸಿಡಿಯೊಂದು ಹೆಚ್ಚೆಂದರೆ 700 ಎಂಬಿ, ಒಂಟಿ ಪದರಿನ ಡಿವಿಡಿ 4.7 ಜಿಬಿ, ಇಡೀ ಟ್ರಂಕು ಒಂದು ಸಣ್ಣ ಹಾರ್ಡ್ ಡಿಸ್ಕಿನಲ್ಲಿ ಕೂರುತ್ತದೆ. ಇಮ್ಗ್‌ಬರ್ನ್ ಎಂಬ ಉಚಿತ ತಂತ್ರಾಂಶ ಈ ಕೆಲಸಕ್ಕೆ ಸಾಕು. ವಿಂಡೋಸ್ 8ರಿಂದ ಈಚೆಗೆ ಐಎಸ್‌ಒ ಕಡತದ ಮೇಲೆ ಎರಡು ಸಲ ಒತ್ತಿದರೆ ಡಿಸ್ಕು ಹಾಕಿದಂತೆಯೇ ಹೊಸ ಡ್ರೈವ್ ಅಕ್ಷರವೊಂದು ತೋರುತ್ತದೆ, ಬೇರೆ ತಂತ್ರಾಂಶ ಬೇಕಿಲ್ಲ. ಡಿಸ್ಕು ಬರೀ ಉಗ್ರಾಣವಾಗಿದ್ದ ಆಟಗಳಿಗೆ ಇಷ್ಟೇ ಸಾಕು, ಮುಂದೆ ಡ್ರೈವ್ ಕೂಡ ಬೇಡ.

‘ಕ್ವೇಕ್’ ಅಂಥದ್ದಲ್ಲ. 1996ರ ಆ ಡಿಸ್ಕಿನ ಮೊದಲ ಟ್ರ್ಯಾಕು ಆಟದ ಕಡತಗಳದ್ದು. ಎರಡನೆಯದರಿಂದ ಮುಂದಿನವೆಲ್ಲ ನೈನ್ ಇಂಚ್ ನೇಲ್ಸ್ ತಂಡದ ಸಂಗೀತ, ಮಾಮೂಲಿ ಹಾಡಿನ ಸಿಡಿಯಲ್ಲಿ ಇರುವಂತೆಯೇ. ಆಟ ನಡೆಯುವಾಗ ಕಂಪ್ಯೂಟರು ಡ್ರೈವಿಗೆ ಇಂತಹ ಟ್ರ್ಯಾಕು ಬಾರಿಸು ಎಂದು ಹೇಳುತ್ತಿತ್ತು. ಆ ಸದ್ದು ಪ್ರೊಸೆಸರಿನ ಕಡೆ ಹಾಯದೆ, ಡ್ರೈವಿನ ಬೆನ್ನಿನಿಂದ ಸೌಂಡ್ ಕಾರ್ಡಿಗೆ ಎಳೆದ ನಾಲ್ಕು ಪಿನ್ನಿನ ತೆಳು ವೈರಿನಲ್ಲಿ ನೇರವಾಗಿ ಹೋಗುತ್ತಿತ್ತು. ನಿಮ್ಮ ಡೆಸ್ಕ್‌ಟಾಪಿನ ಮುಚ್ಚಳ ತೆಗೆದರೆ ಬೂದು ಬಣ್ಣದ ಅಗಲ ಪಟ್ಟಿಯ ಪಕ್ಕದಲ್ಲಿ ಆ ವೈರು ಇನ್ನೂ ಇದ್ದೀತು. ಐಎಸ್‌ಒ ಎಂಬುದು ಮಾಹಿತಿಯ ಟ್ರ್ಯಾಕನ್ನು ಮಾತ್ರ ಹಿಡಿದಿಡುವ ಬಗೆಯಾದ್ದರಿಂದ ಹಾಡುಗಳೆಲ್ಲ ಡಿಸ್ಕಿನಲ್ಲೇ ಉಳಿದವು. ಸೋದರಳಿಯನಿಗೆ ಬಿನ್ ಮತ್ತು ಕ್ಯೂ ಎಂಬ ಜೋಡಿ ಕಡತವಾಗಿ ಇಮೇಜ್ ಮಾಡಲು ಹೇಳಿ. ಮಾಹಿತಿ ಹಾಡು ಎರಡೂ ಇರುವ ಡಿಸ್ಕು ಕಂಡರೆ ಇಮ್ಗ್‌ಬರ್ನ್ ತಾನಾಗಿಯೇ ಈ ಬಗೆಯನ್ನು ಆರಿಸುತ್ತದೆ. ಆಮೇಲೆ ಡಾಸ್‌ಬಾಕ್ಸಿನಲ್ಲಿ ಇಮ್ಗ್‌ಮೌಂಟ್ ಆದೇಶಕ್ಕೆ ಐಎಸ್‌ಒ ಬದಲು ಆ ಕ್ಯೂ ಕಡತದ ಹೆಸರು ಕೊಟ್ಟರೆ ಸಂಗೀತ ಮರಳುತ್ತದೆ. ಇನ್ನೊಂದು ಹಾದಿಯೂ ಇದೆ. ತಯಾರಕರು 1999ರಲ್ಲಿ ಈ ಆಟದ ಮೂಲ ಸಂಕೇತವನ್ನು ಸಾರ್ವಜನಿಕರಿಗೆ ಬಿಟ್ಟುಕೊಟ್ಟದ್ದರಿಂದ, ಅದನ್ನು ಇಂದಿನ ವಿಂಡೋಸಿಗೆ ಹೊಂದಿಸಿದ ಕ್ವೇಕ್‌ಸ್ಪಾಸ್ಮ್‌ನಂತಹ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ. ಅವು ನಿಮ್ಮ ಡಿಸ್ಕಿನ ಪ್ಯಾಕ್ ಕಡತಗಳನ್ನು ಬಳಸಿಕೊಂಡು ಡಾಸ್‌ಬಾಕ್ಸಿಲ್ಲದೆಯೇ ಆಟ ತೆರೆಯುತ್ತವೆ. ಚಿತ್ರ ಹೆಚ್ಚು ನಯವಾಗಿ ಕಾಣುವುದು ಈ ಹಾದಿಯಲ್ಲೇ, ನನ್ನ ಒಲವೂ ಇದಕ್ಕೇ.

‘ದಿ ಸಿಮ್ಸ್’ನಲ್ಲಿ ಡಿಸ್ಕು ಕೀಲಿಕೈ. 2000ದ ಆ ಡಿಸ್ಕಿಗೆ ಸೇಫ್‌ಡಿಸ್ಕ್ ಎಂಬ ನಕಲು ತಡೆಯ ಕಟ್ಟು ಇತ್ತು. ಕಾರ್ಖಾನೆಯಲ್ಲಿಯೇ ಡಿಸ್ಕಿನ ಕೆಲವು ಭಾಗಗಳನ್ನು ಬೇಕೆಂದೇ ತಪ್ಪಾಗಿ ಒತ್ತಿರುತ್ತಿದ್ದರು; ಮನೆಯ ಬರ್ನರಿನಿಂದ ನಕಲು ತೆಗೆದರೆ ಆ ತಪ್ಪುಗಳು ಇದ್ದ ಹಾಗೆ ಇಳಿಯುತ್ತಿರಲಿಲ್ಲ, ತಪ್ಪು ಕಾಣದಿದ್ದರೆ ಆಟ ತೆರೆಯುತ್ತಿರಲಿಲ್ಲ. ಐಎಸ್‌ಒ ಮಾಡಿದರೆ ಕೆಲಸವಾಗದು ಎಂಬುದು ಇದರಿಂದಲೇ ಗೊತ್ತಾಗುತ್ತದೆ. ಆದರೆ ಅಸಲು ಡಿಸ್ಕೇ ಡ್ರೈವಿನಲ್ಲಿದ್ದರೂ ಏಕೆ ತೆರೆಯುವುದಿಲ್ಲ ಎಂಬ ನಿಮ್ಮ ಪ್ರಶ್ನೆಗೆ ಉತ್ತರ ವಿಂಡೋಸಿನಲ್ಲಿದೆ. ಆ ತಪ್ಪುಗಳನ್ನು ಪರೀಕ್ಷಿಸುತ್ತಿದ್ದುದು ಎಸ್‌ಇಸಿಡಿಆರ್‌ವಿ ಎಂಬ ಡ್ರೈವರ್ ಕಡತ. ಅದು ವಿಂಡೋಸಿನ ತೀರ ಒಳಪದರಿನಲ್ಲಿ, ಪೂರ್ಣ ಅಧಿಕಾರದೊಂದಿಗೆ ಓಡುತ್ತಿತ್ತು, ಮತ್ತು ಅದರ ಮೂಲಕ ಕಂಪ್ಯೂಟರಿನ ಹತೋಟಿ ಹಿಡಿಯಬಹುದಾದ ದೋಷವೊಂದು 2007ರಲ್ಲೇ ಬಯಲಾಗಿತ್ತು. 2015ರಲ್ಲಿ ಬಂದ ವಿಂಡೋಸ್ 10ರಿಂದ ಮೈಕ್ರೊಸಾಫ್ಟ್ ಅದನ್ನು ಕೈಬಿಟ್ಟಿತು. ಅದೇ ಸೆಪ್ಟೆಂಬರಿನ ಸುರಕ್ಷತಾ ಅಪ್‌ಡೇಟಿನಿಂದ ವಿಸ್ತಾ, 7 ಮತ್ತು 8ರಲ್ಲಿಯೂ ಅದು ನಿಂತುಹೋಯಿತು. ಹೊಸ ಮನೆಯಲ್ಲಿ ಆ ಬೀಗವೇ ಇಲ್ಲದ ಮೇಲೆ ನಿಮ್ಮ ಕೈಯ ಕೀಲಿಕೈ ತಿರುಗುವುದೆಲ್ಲಿ? ಕಾಸು ಕೊಟ್ಟು ಕೊಂಡವರೇ ಹೊರಗೆ ನಿಲ್ಲುವಂತಾದದ್ದು ನನಗೆ ಅನ್ಯಾಯವೆಂದೇ ತೋರುತ್ತದೆ, ಆದರೂ ಮೈಕ್ರೊಸಾಫ್ಟಿನ ಆ ನಿರ್ಧಾರವನ್ನು ತಪ್ಪೆನ್ನಲಾರೆ. ಆಟ ಕಾಯಲು ಮನೆಯ ಹಿತ್ತಿಲ ಬಾಗಿಲನ್ನು ತೆರೆದಿಡುವ ಏರ್ಪಾಡನ್ನು ಮೊದಲಿಗೇ ಮಾಡಬಾರದಿತ್ತು.

ಈ ಆಟದ ಮಟ್ಟಿಗೆ ನಿಮ್ಮ ಅದೃಷ್ಟ ಚೆನ್ನಾಗಿದೆ. 25 ವರ್ಷ ತುಂಬಿದ ಹೊತ್ತಿಗೆ, 2025ರ ಜನವರಿಯಲ್ಲಿ, ಅದನ್ನು ವಿಂಡೋಸ್ 10 ಮತ್ತು 11ಕ್ಕೆ ಹೊಂದಿಸಿ ಸ್ಟೀಮ್ ಎಂಬ ಇಂಟರ್‌ನೆಟ್ ಆಟದಂಗಡಿಯಲ್ಲಿ ಮತ್ತೆ ಮಾರಾಟಕ್ಕೆ ಬಿಟ್ಟಿದ್ದಾರೆ. ಮಗಳು ಲ್ಯಾಪ್‌ಟಾಪಿನಲ್ಲೇ ಆಡಬೇಕೆಂದರೆ ಅದನ್ನು ಕೊಂಡುಬಿಡುವುದೇ ಸುಲಭ. ಪೋಲೆಂಡಿನ ಜಿಒಜಿ ಎಂಬ ಅಂಗಡಿ ಕೂಡ 2008ರಿಂದ ಹಳೆಯ ಆಟಗಳನ್ನು ಬೀಗವಿಲ್ಲದೆ ಮಾರುತ್ತಿದೆ, ‘ಕ್ವೇಕ್’ ಅಲ್ಲಿಯೂ ಸಿಗುತ್ತದೆ. ಮರುಮಾರಾಟದ ಭಾಗ್ಯವಿಲ್ಲದ ಆಟಗಳ ವಿಷಯಕ್ಕೆ ಅಟ್ಟದ ಡೆಸ್ಕ್‌ಟಾಪಿನ ಮಾತು ಬಂದಾಗ ಬರುತ್ತೇನೆ.

ಕ್ರ್ಯಾಕಿನ ಸಂಗತಿಯಲ್ಲಿ ಸೋದರಳಿಯನನ್ನು ತಡೆಯಿರಿ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಮು, ಕಂಪ್ಯೂಟರ್ ಪ್ರೋಗ್ರಾಮಿನ ಪ್ರತಿಯನ್ನು ನ್ಯಾಯವಾಗಿ ಹೊಂದಿದವರು ಅದು ಕಳೆದು ಕೆಟ್ಟು ಹೋಗದಂತೆ ರಕ್ಷಣೆಗಾಗಿ ನಕಲು ಇಟ್ಟುಕೊಳ್ಳಲು ಅವಕಾಶ ಕೊಡುತ್ತದೆ. ಆದ್ದರಿಂದ ಅಸಲು ಡಿಸ್ಕುಗಳ ಇಮೇಜ್ ಮಾಡಿ ಮನೆಯಲ್ಲಿಟ್ಟುಕೊಳ್ಳಲು ಅಳುಕಬೇಕಿಲ್ಲ. ಆ ನೀಲಿ ಡಿಸ್ಕಿನಲ್ಲಿರುವುದು ನೀವೇ ಕೊಂಡ ಆಟದ ನಕಲಲ್ಲದಿದ್ದರೆ ಅದಕ್ಕೆ ಈ ಮಾತು ಹೊಂದುವುದಿಲ್ಲ. 2012ರ ತಿದ್ದುಪಡಿಯಲ್ಲಿ ಸೇರಿದ 65ಎ ಕಲಮು, ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ತಾಂತ್ರಿಕ ಬೀಗ ಒಡೆಯುವವರಿಗೆ ಎರಡು ವರ್ಷಗಳವರೆಗಿನ ಶಿಕ್ಷೆ ಹೇಳುತ್ತದೆ. ಸ್ವಂತ ಡಿಸ್ಕಿನ ಆಟವನ್ನು ಸ್ವಂತಕ್ಕೆ ತೆರೆದುಕೊಳ್ಳುವವನ ಉದ್ದೇಶ ಅದಲ್ಲವೆಂದು ವಾದಿಸಬಹುದು, ಆದರೆ ನನ್ನ ಆಕ್ಷೇಪಣೆ ಕಾನೂನಿಗಿಂತ ಹೆಚ್ಚಾಗಿ ಕಡತದ ಮೇಲಿದೆ. ಯಾರು ಮಾಡಿದರೆಂದು ತಿಳಿಯದ ಪ್ರೋಗ್ರಾಮನ್ನು ಆ್ಯಂಟಿವೈರಸ್ ಬಂದ್ ಮಾಡಿ ಓಡಿಸಿ ಎಂದು ಆ ಕ್ರ್ಯಾಕುಗಳ ಜೊತೆಗೆ ಬರೆದಿರುತ್ತಾರೆ. ಬ್ಯಾಂಕಿನ ಲೆಕ್ಕಗಳನ್ನು ನೋಡುವ ಲ್ಯಾಪ್‌ಟಾಪಿನಲ್ಲಿ ಅದು ಸಲ್ಲದು. ತಯಾರಕರೇ ಬೀಗ ತೆಗೆದುಕೊಟ್ಟ ಉದಾಹರಣೆಗಳಿವೆ, ನಿಮ್ಮ ‘ಡಯಾಬ್ಲೊ 2’ ಅಂಥದ್ದು. 2008ರಲ್ಲಿ ಬ್ಲಿಝರ್ಡ್ ಬಿಟ್ಟ 1.12 ಪ್ಯಾಚ್ (ಆಟವನ್ನು ತಿದ್ದುವ ಕಡತ) ಹಾಕಿ, ಡಿಸ್ಕುಗಳಲ್ಲಿರುವ ಎಂಪಿಕ್ಯೂ ಎಂಬ ಆಟದ ಮಾಹಿತಿ ಕಡತಗಳನ್ನು ಆಟದ ಫೋಲ್ಡರಿಗೆ ನಕಲು ಮಾಡಿದರೆ ಅದು ಡಿಸ್ಕು ಕೇಳುವುದನ್ನು ಬಿಡುತ್ತದೆ.

ಮಕ್ಕಳ ಸಿಡಿಯ ತೊಂದರೆ ಡಿಸ್ಕಿಗೆ ಸಂಬಂಧಿಸಿದ್ದೇ ಅಲ್ಲ. ವಿಂಡೋಸ್ 95ರ ಕಾಲದ ಅನೇಕ ಸೆಟಪ್ ಪ್ರೋಗ್ರಾಮುಗಳು 16 ಬಿಟ್ಟಿನವು, 64 ಬಿಟ್ ವಿಂಡೋಸ್ ಅವನ್ನು ಓಡಿಸುವುದಿಲ್ಲ, ವಿಂಡೋಸ್ 11 ಇರುವುದೇ 64 ಬಿಟ್ಟಿನಲ್ಲಿ. ಒಳಗಿನ ಆಟ 32 ಬಿಟ್ಟಿನದಾಗಿದ್ದರೆ ಫೋಲ್ಡರನ್ನು ಹಾಗೆಯೇ ನಕಲು ಮಾಡಿ ನೇರವಾಗಿ ಆಟದ ಕಡತವನ್ನು ಒತ್ತಿ ನೋಡಬಹುದು, ಒಮ್ಮೊಮ್ಮೆ ತೆರೆಯುತ್ತದೆ.

ಇನ್ನು ಹೊಸ ಲ್ಯಾಪ್‌ಟಾಪಿಗೆ ಎಕ್ಸ್‌ಪಿ ಹಾಕಿಸುವ ಸಲಹೆಯನ್ನು ಮರೆತುಬಿಡಿ. ಇಂದಿನ ಲ್ಯಾಪ್‌ಟಾಪುಗಳ ಒಳಗಿರುವ ಎನ್‌ವಿಎಂಇ ಎಂಬ ಬಗೆಯ ಸಂಗ್ರಹ ಡಿಸ್ಕನ್ನು ಎಕ್ಸ್‌ಪಿ ಗುರುತಿಸುವುದೇ ಇಲ್ಲ, ಗ್ರಾಫಿಕ್ಸಿಗೂ ವೈಫೈಗೂ ಡ್ರೈವರ್ ಸಿಗುವುದಿಲ್ಲ. ಎಕ್ಸ್‌ಪಿ ಬೇಕಾದರೆ ಅದು ನಿಮ್ಮ ಅಟ್ಟದ ಮೇಲೆಯೇ ಇದೆ, ಆ ಡೆಸ್ಕ್‌ಟಾಪನ್ನು ದಯವಿಟ್ಟು ಗುಜರಿಗೆ ಹಾಕಬೇಡಿ. ಸೇಫ್‌ಡಿಸ್ಕಿನ ಬೀಗವನ್ನು ನಿಲ್ಲಿಸಿದ ಅಪ್‌ಡೇಟು ಎಕ್ಸ್‌ಪಿಗೆ ಬರಲಿಲ್ಲ, 32 ಬಿಟ್ ಎಕ್ಸ್‌ಪಿ 16 ಬಿಟ್ ಸೆಟಪ್ಪನ್ನೂ ಓಡಿಸುತ್ತದೆ. ಅಂದರೆ ‘ಸಿಮ್ಸ್’ನ ಅಸಲು ಡಿಸ್ಕಿಗೂ ಮಕ್ಕಳ ಸಿಡಿಗೂ ಅದೇ ಸರಿಯಾದ ಜಾಗ. ಕರೆಂಟು ಕೊಡುವ ಮೊದಲು ಒಳಗಿನ ಧೂಳು ತೆಗೆಯಿಸಿ, ಮದರ್‌ಬೋರ್ಡಿನ ಮೇಲೆ ತಲೆ ಉಬ್ಬಿದ ಕೆಪಾಸಿಟರುಗಳಿದ್ದರೆ ರಿಪೇರಿಯವರಿಗೆ ತೋರಿಸಿ, ಸಿಆರ್ 2032 ನಾಣ್ಯದ ಸೆಲ್ಲನ್ನು ಬದಲಾಯಿಸಿ. 2014ರ ಏಪ್ರಿಲ್ 8ಕ್ಕೆ ಎಕ್ಸ್‌ಪಿಯ ಸುರಕ್ಷತಾ ಅಪ್‌ಡೇಟು ನಿಂತಿರುವುದರಿಂದ ಅದಕ್ಕೆ ಇಂಟರ್‌ನೆಟ್ ವೈರು ಮಾತ್ರ ಜೋಡಿಸಬೇಡಿ. ಅದರ ಸಿಡಿ ಡ್ರೈವಿನ ತಟ್ಟೆ ಹೊರಗೆ ಬರುವುದಿಲ್ಲವೆಂದು ಬರೆದಿದ್ದೀರಿ. ತಟ್ಟೆ ಎಳೆಯುವ ರಬ್ಬರ್ ಬೆಲ್ಟು ಗಟ್ಟಿಯಾಗಿ ಜಾರುತ್ತಿರಬೇಕು. ಪ್ಲಗ್ ತೆಗೆದು, ಡ್ರೈವಿನ ಮುಂಭಾಗದ ಸಣ್ಣ ತೂತಿನಲ್ಲಿ ನೆಟ್ಟಗೆ ಮಾಡಿದ ಪೇಪರ್ ಕ್ಲಿಪ್ಪನ್ನು ಮೆಲ್ಲಗೆ ಒತ್ತಿದರೆ ತಟ್ಟೆ ಬೆರಳು ಹಿಡಿಯುವಷ್ಟು ಈಚೆ ಬರುತ್ತದೆ. ಅಷ್ಟಕ್ಕೂ ಬಗ್ಗದಿದ್ದರೆ ಈಗ ತಂದಿರುವ ಯುಎಸ್‌ಬಿ ಡ್ರೈವನ್ನೇ ಡೆಸ್ಕ್‌ಟಾಪಿನ ಹಿಂಬದಿಯ ಪೋರ್ಟಿಗೆ ಸಿಕ್ಕಿಸಿ, ಎಕ್ಸ್‌ಪಿ ಅದನ್ನು ಬೇರೆ ಡ್ರೈವರ್ ಕೇಳದೆ ಗುರುತಿಸುತ್ತದೆ.

— ಸಂಪಾದಕ