ಒಂದು ನಾಯಿ, ಎರಡು ಕುದುರೆ

ಓದುಗರ ಪತ್ರ: "ಮಾನ್ಯ ಸಂಪಾದಕರೇ, ಹಾಸ್ಟೆಲ್ ಟಿವಿ ರೂಮಿನಲ್ಲಿ ಸ್ಟಾರ್ ವರ್ಲ್ಡ್ ಹಾಕಿಕೊಂಡು ಅಮೆರಿಕದ ಕಾರ್ಟೂನ್ ಸರಣಿ ‘ದಿ ಸಿಂಪ್ಸನ್ಸ್’ ನೋಡುತ್ತಾ ಇಂಗ್ಲಿಷ್ ಕಲಿತವನು ನಾನು. ಈಗ ಹನ್ನೆರಡು ವರ್ಷದ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೊದಲ ಸೀಸನ್‌ನಿಂದ ಮತ್ತೆ ನೋಡುತ್ತಿದ್ದೇನೆ. ಎಂಟನೆಯ ಸೀಸನ್‌ವರೆಗೆ ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಹನ್ನೊಂದಕ್ಕೆ ಬಂದಾಗ, ಕುದುರೆ ರೇಸಿನ ಜಾಕಿಗಳೆಲ್ಲ ನೆಲದಡಿ ವಾಸಿಸುವ ಕುಳ್ಳ ಕಿನ್ನರರು ಎಂಬ ಕಂತು ನೋಡಿ ಮಗ, ‘ಅಪ್ಪಾ, ಇದನ್ನ ಬೇರೆ ಯಾರೋ ಮಾಡಿದ್ದಾ?’ ಅಂತ ಕೇಳಿದ. ನನಗೆ ಉತ್ತರ ಹೊಳೆಯಲಿಲ್ಲ. ಮೈಕ್ ಸ್ಕಲ್ಲಿ ಎಂಬವರ ಕೈಗೆ ಹೋದ ಮೇಲೆ ಕೆಟ್ಟಿತು ಎಂದು ಓದಿದ್ದೇನೆ. ದುಡ್ಡಿನಾಸೆಗೆ ಎಳೆದರು, ಬರೆಯುವವರು ಸೋಮಾರಿಗಳಾದರು ಎಂದು ನನ್ನ ಅನುಮಾನ. ಅಥವಾ ನನಗೇ ವಯಸ್ಸಾಯಿತೋ?"

ಸಂಪಾದಕರ ಉತ್ತರ:

ನಿಮ್ಮ ಮಗನ ಪ್ರಶ್ನೆ ನಿಮ್ಮ ಮೂರು ಅನುಮಾನಗಳಿಗಿಂತ ಚುರುಕಾಗಿದೆ. ಆದ್ದರಿಂದ ಅವನು ಎಡವಿದ ಆ ಕುದುರೆಯಿಂದಲೇ ಶುರುಮಾಡುತ್ತೇನೆ.

ಆ ಕಂತು ಬಂದದ್ದು 2000ದ ಫೆಬ್ರವರಿಯಲ್ಲಿ. ಜಾತ್ರೆಯೊಂದರಲ್ಲಿ ಹಿಂಸೆ ಪಡುತ್ತಿದ್ದ ಕುದುರೆಯನ್ನು ಮನೆಗೆ ತರುತ್ತಾರೆ, ಸಾಕುವ ಖರ್ಚಿಗೆಂದು ಅದನ್ನೇ ರೇಸಿಗೆ ಬಿಡುತ್ತಾರೆ, ಅದು ಗೆಲ್ಲುತ್ತದೆ. ಆಮೇಲೆ ನಿಮ್ಮ ಕಿನ್ನರರು. ಅದರಲ್ಲಿ ಒಂದು ಚಿಕ್ಕ ದೃಶ್ಯವಿದೆ, ನೆನಪಿದೆಯೇ? ಕಾಮಿಕ್ಸ್ ಅಂಗಡಿಯ ದಪ್ಪ ಮನುಷ್ಯ ಎದ್ದು ನಿಂತು, ಈ ಮನೆಯವರು ಹಿಂದೊಮ್ಮೆ ಕುದುರೆ ಸಾಕಿದ್ದರಲ್ಲ, ಅದರ ಖರ್ಚು ತೂಗಿಸಲು ಮನೆಯ ಯಜಮಾನ ಹೋಮರ್ ಕಿರಾಣಿ ಅಂಗಡಿಯಲ್ಲಿ ದುಡಿಯಬೇಕಾಗಿ ಬಂದಿತ್ತಲ್ಲ ಎಂದು ನೆನಪಿಸುತ್ತಾನೆ. ಹೋಮರ್ ಜನರತ್ತ ತಿರುಗಿ, ಇವನು ಏನಂದುಕೊಂಡರೆ ಯಾರಿಗೆ ಬೇಕಾಗಿದೆ ಎಂದು ಕೇಳುತ್ತಾನೆ. ಬೇಡ ಎಂದು ಎಲ್ಲರೂ ಕೂಗುತ್ತಾರೆ.

ಅವನು ನೆನಪಿಸಿದ ಆ ಹಳೆಯ ಕುದುರೆ 1991ರದ್ದು. ಲೀಸಾಳ ಸ್ಯಾಕ್ಸೋಫೋನಿಗೆ ಬೇಕಾದ ರೀಡ್ ತರಲು ಹೊರಟ ಹೋಮರ್ ದಾರಿಯಲ್ಲಿ ಮೋ ಬಾರಿಗೆ ನುಗ್ಗುತ್ತಾನೆ. ಹೊತ್ತಿಗೆ ಸರಿಯಾಗಿ ರೀಡ್ ಸಿಗದೆ ಮಗಳು ಶಾಲೆಯ ವೇದಿಕೆ ಮೇಲೆ ಅವಮಾನ ಅನುಭವಿಸುತ್ತಾಳೆ. ಮುನಿದ ಮಗಳನ್ನು ಒಲಿಸಿಕೊಳ್ಳಲು ಅಪ್ಪ ಕುದುರೆಮರಿ ತರುತ್ತಾನೆ. ಲಾಯದ ಬಾಡಿಗೆ ಕಟ್ಟಲಾಗದೆ, ಹಗಲು ಅಣುಸ್ಥಾವರದಲ್ಲಿ, ರಾತ್ರಿಯೆಲ್ಲ ಭಾರತೀಯ ಮೂಲದ ಅಪುವಿನ ಕಿರಾಣಿ ಅಂಗಡಿಯಲ್ಲಿ ದುಡಿಯುತ್ತಾನೆ. ಕಾರು ಓಡಿಸುತ್ತಲೇ ನಿದ್ದೆಹೋಗುತ್ತಾನೆ. ಅಪ್ಪ ಪಡುತ್ತಿರುವ ಪಾಡನ್ನು ಕಂಡ ಲೀಸಾ ತಾನಾಗಿಯೇ ಕುದುರೆ ಬಿಟ್ಟುಕೊಡುತ್ತಾಳೆ. ಮೊದಲ ಕುದುರೆಯ ಖರ್ಚನ್ನು ತೀರಿಸಿದ್ದು ಹೋಮರನ ನಿದ್ದೆ, ಎರಡನೆಯದರ ಖರ್ಚನ್ನು ರೇಸಿನ ಗೆಲುವು.

ಇನ್ನೂ ಹಿಂದೆ ಹೋಗೋಣ. 1989ರ ಡಿಸೆಂಬರ್ 17ರಂದು ಪ್ರಸಾರವಾದ ಮೊಟ್ಟಮೊದಲ ಕಂತಿನಲ್ಲೂ ರೇಸ್ ಇದೆ. ಕ್ರಿಸ್‌ಮಸ್‌ಗೆ ಹೋಮರನ ಹೆಂಡತಿ ಮಾರ್ಜ್ ಡಬ್ಬಿಯಲ್ಲಿ ಕೂಡಿಟ್ಟ ದುಡ್ಡು ಮಗ ಬಾರ್ಟ್‌ನ ಹಚ್ಚೆ ಅಳಿಸುವುದಕ್ಕೆ ಹೋಗುತ್ತದೆ. ಬೋನಸ್ ಇಲ್ಲ ಎಂದು ಅಣುಸ್ಥಾವರದ ಮಾಲೀಕ ಬರ್ನ್ಸ್ ಹೇಳಿಬಿಡುತ್ತಾನೆ. ಹೆಂಡತಿಗೆ ಹೇಳುವ ಧೈರ್ಯ ಸಾಲದೆ ಹೋಮರ್ ಮಾಲ್‌ನಲ್ಲಿ ಸಾಂತಾ ವೇಷ ಹಾಕುತ್ತಾನೆ. ಕಡಿತಗಳೆಲ್ಲ ಕಳೆದು ಕೈಗೆ ಬರುವುದು 13 ಡಾಲರ್. ಅದನ್ನೂ ನಾಯಿ ರೇಸಿಗೆ ಕಟ್ಟುತ್ತಾನೆ, ನಾಯಿ ಕಟ್ಟಕಡೆಗೆ ಬರುತ್ತದೆ. ಯಜಮಾನ ಒದ್ದೋಡಿಸಿದ ಆ ಸೋತ ನಾಯಿಯನ್ನೇ ಎತ್ತಿಕೊಂಡು ಅಪ್ಪ-ಮಗ ಮನೆಗೆ ಬಂದರೆ, ಅದೇ ಹಬ್ಬದ ಉಡುಗೊರೆ ಎಂದುಕೊಂಡು ಮನೆಯವರೆಲ್ಲ ಕುಣಿಯುತ್ತಾರೆ. ಹತ್ತು ವರ್ಷದಲ್ಲಿ ಈ ಮನೆ ಸೋತ ನಾಯಿಯಿಂದ ಗೆದ್ದ ಕುದುರೆಗೆ ಬಂದು ನಿಂತಿತು. ಕೆಟ್ಟದ್ದು ಆ ಗೆಲುವಿನಿಂದ ಎಂಬುದು ನನ್ನ ಅಭಿಪ್ರಾಯ.

ಈಗ ಸ್ಕಲ್ಲಿಯ ವಿಷಯ. ಒಂಬತ್ತರಿಂದ ಹನ್ನೆರಡನೆಯ ಸೀಸನ್‌ವರೆಗೆ ಉಸ್ತುವಾರಿ ಅವರದೇ, ಅಷ್ಟು ನಿಜ. ಆದರೆ ಬಾರ್ಟ್ ಅಂಗಡಿಯಲ್ಲಿ ವಿಡಿಯೋ ಗೇಮ್ ಕದ್ದು ಸಿಕ್ಕಿಬೀಳುವ 1995ರ ಕಂತು ನೋಡಿದಿರಲ್ಲ? ಬಯ್ಯದೆ, ಹೊಡೆಯದೆ, ಸುಮ್ಮನೆ ದೂರ ಸರಿದುಬಿಡುವ ಅಮ್ಮ. ಕೊನೆಗೆ ಮಗ ಅದೇ ಅಂಗಡಿಯಲ್ಲಿ ತನ್ನ ಫೋಟೋ ತೆಗೆಸಿಕೊಂಡು, ದುಡ್ಡು ಕೊಟ್ಟ ರಸೀದಿಯ ಸಮೇತ ತಂದು ಅಮ್ಮನಿಗೆ ಕೊಡುತ್ತಾನೆ. ಆ ಕಂತು ಬರೆದವರು ಇದೇ ಸ್ಕಲ್ಲಿ. ಹಾಕಿ ಆಟದಲ್ಲಿ ಬಾರ್ಟ್ ಮತ್ತು ಲೀಸಾ ಎದುರಾಳಿಗಳಾಗಿ ನಿಲ್ಲುವ ಕಂತೂ ಅವರದೇ. ಆಲ್ ಜೀನ್ ಅವರನ್ನೂ ನೋಡಿ. ಮೈಕ್ ರೀಸ್ ಜೊತೆ ಮೂರು, ನಾಲ್ಕನೆಯ ಸೀಸನ್ ನಡೆಸಿದವರು, ಲೀಸಾಳ ಕುದುರೆಮರಿಯ ಕಂತನ್ನು ಬರೆದವರು ಇವರಿಬ್ಬರೇ. ಹದಿಮೂರನೆಯ ಸೀಸನ್‌ನಿಂದ ಮತ್ತೆ ಅದೇ ಜೀನ್ ಚುಕ್ಕಾಣಿ ಹಿಡಿದರು. ಹಳೆಯ ರುಚಿ ಬಂತೇ? ಅದೇ ಬಾಣಸಿಗ, ಅದೇ ಒಲೆ, ಆದರೂ ಸಾರು ಬೇರೆ. ಹಾಗಾದರೆ ದಿನಸಿಯ ಕಡೆ ನೋಡಬೇಕು.

ಮೊದಲನೆಯ ದಿನಸಿ ವಯಸ್ಸು. ಬಾರ್ಟ್‌ಗೆ 1989ರಲ್ಲಿ ಹತ್ತು ವರ್ಷ, ಇವತ್ತಿಗೂ ಹತ್ತೇ. ಕಾರ್ಟೂನಿಗೆ ಇದು ವರ ಎಂದುಕೊಳ್ಳುತ್ತೇವೆ. ಬಾಲನಟರು ಬೆಳೆದುಬಿಡುವ ಭಯ ಇಲ್ಲ, ಅಪ್ಪನ ತಲೆ ನರೆಯುವುದಿಲ್ಲ. ಆದರೆ ಸಂಸಾರದ ಕಥೆಗೆ ಬೆಳವಣಿಗೆಯೇ ಮೇವು. ಮಕ್ಕಳು ಬೆಳೆಯಬೇಕು, ಗಂಡ-ಹೆಂಡತಿ ಒಂದು ಜಗಳದಿಂದ ಏನಾದರೂ ಕಲಿತು ಮುಂದಿನ ಜಗಳಕ್ಕೆ ಹೋಗಬೇಕು. ಮಾರ್ಜ್ ಮನಸ್ಸು ಬೌಲಿಂಗ್ ಕಲಿಸುವ ಫ್ರೆಂಚ್ ಮಹಾಶಯನತ್ತ ವಾಲಿದ್ದು 1990ರಲ್ಲಿ. ಹಾಡುಗಾರ್ತಿ ಲರ್ಲೀನ್ ಹೋಮರನಿಗೆ ಸೋತದ್ದು 1992ರಲ್ಲಿ. ಮುಂದಿನ ವರ್ಷ ಆಫೀಸಿನ ಮಿಂಡಿ. ಮೂರು ಸಲವೂ ಎದೆ ಡವಡವ ಎಂದಿತ್ತು. ಇಪ್ಪತ್ತನೆಯ ಸಲ ಈ ಮದುವೆ ಮುರಿಯುವ ಹಂತಕ್ಕೆ ಬಂದರೆ, ನೋಡುವವನು ಕಾಫಿ ಬಿಸಿಮಾಡಿಕೊಳ್ಳಲು ಎದ್ದು ಹೋಗುತ್ತಾನೆ. ಕಾಲ ಓಡದಿದ್ದರೂ ಕ್ಯಾಲೆಂಡರ್ ಓಡುವುದರಿಂದ ಇನ್ನೊಂದು ಪೇಚು. ಹೋಮರ್-ಮಾರ್ಜ್ ಹೈಸ್ಕೂಲಿನಲ್ಲಿ ಭೇಟಿಯಾದದ್ದು 1974ರಲ್ಲಿ ಎಂದು ನಾವು ನೋಡಿದ್ದೆವು. 2008ರ ಕಂತೊಂದು ಅವರ ಮದುವೆಗೆ ಮುಂಚಿನ ದಿನಗಳನ್ನು ತೊಂಬತ್ತರ ದಶಕಕ್ಕೆ ಎಳೆದು ತಂದು, ಹೋಮರನ ಕೈಗೆ ಗಿಟಾರ್ ಕೊಟ್ಟು ರಾಕ್ ಬ್ಯಾಂಡ್ ಕಟ್ಟಿಸಿತು. ನಾವು ಕಣ್ಣಾರೆ ಕಂಡ ಪ್ರೇಮಕಥೆಯೇ ಸುಳ್ಳು ಎಂದಂತಾಯಿತು.

ಬೆಳೆಯಲಾಗದ ಪಾತ್ರ ಉಬ್ಬುತ್ತದೆ. ಪಕ್ಕದ ಮನೆಯ ನೆಡ್ ಫ್ಲ್ಯಾಂಡರ್ಸ್‌ನನ್ನು ನೋಡಿ. ಮೊದಮೊದಲು ಅವನು ಹೋಮರನ ಕಣ್ಣಿಗೆ ಮುಳ್ಳಾದದ್ದು ದೇವರ ಭಕ್ತಿಯಿಂದಲ್ಲ. ಅವನ ಮನೆ ಚೆಂದ, ಮಕ್ಕಳು ಮಾತು ಕೇಳುತ್ತವೆ, ಕೇಳಿದರೆ ಸಾಮಾನು ಕೊಡುತ್ತಾನೆ, ಮೇಲಾಗಿ ಒಳ್ಳೆಯವನು! ಇದಕ್ಕಿಂತ ದೊಡ್ಡ ಹಿಂಸೆ ನೆರೆಮನೆಯಿಂದ ಬರುವುದುಂಟೇ? ಚರ್ಚಿಗೆ ಹೋಗುವುದು ಅವನ ಹತ್ತು ಗುಣಗಳಲ್ಲಿ ಒಂದು. ನಗು ಗಿಟ್ಟಿದ್ದು ಆ ಒಂದಕ್ಕೆ, ಹಾಗಾಗಿ ವರ್ಷ ಕಳೆದಂತೆ ಉಳಿದ ಒಂಬತ್ತನ್ನೂ ಅದು ನುಂಗಿತು. ಇಂಗ್ಲಿಷ್ ಅಭಿಮಾನಿಗಳು ಈ ರೋಗಕ್ಕೆ ಅವನ ಹೆಸರನ್ನೇ ಇಟ್ಟು ‘ಫ್ಲ್ಯಾಂಡರೈಸೇಶನ್’ ಎನ್ನುತ್ತಾರೆ. ಲೀಸಾ ಉಪದೇಶಕಿಯಾದಳು. ದಡ್ಡನಾದರೂ ಪ್ರೀತಿಗೆ ಕರಗುತ್ತಿದ್ದ ಹೋಮರ್ ಬರೀ ಒರಟನಾದ.

ಇದೆಲ್ಲ ಬರೆಯುವವರಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು, ನಮಗಿಂತ ಮೊದಲೇ. ಸೋಮಾರಿಗಳು ಎಂಬ ನಿಮ್ಮ ಮಾತನ್ನು ನಾನು ಒಪ್ಪದಿರುವುದು ಇದಕ್ಕೇ. 1997ರ ಮೇ ತಿಂಗಳಲ್ಲಿ ಬಂದ ಫ್ರ್ಯಾಂಕ್ ಗ್ರೈಮ್ಸ್ ಕಂತನ್ನು ಮಗನ ಜೊತೆ ಇನ್ನೊಮ್ಮೆ ನೋಡಿ. ಬರೆದವರು ಜಾನ್ ಸ್ವಾರ್ಟ್ಸ್‌ವೆಲ್ಡರ್. ಒಟ್ಟು 59 ಕಂತು ಬರೆದ, ಮುಖ ತೋರಿಸಲು ಇಷ್ಟಪಡದ ಮನುಷ್ಯ. ಗ್ರೈಮ್ಸ್ ಚಿಕ್ಕಂದಿನಲ್ಲೇ ಹೆತ್ತವರು ಕೈಬಿಟ್ಟವನು, ಸ್ಫೋಟಕ್ಕೆ ಸಿಕ್ಕಿ ಬದುಕುಳಿದವನು, ಅಂಚೆ ಮೂಲಕ ಓದಿ ಪದವಿ ಪಡೆದವನು. ಸ್ಥಾವರಕ್ಕೆ ಕೆಲಸಕ್ಕೆ ಸೇರಿ ಹೋಮರನನ್ನು ನೋಡುತ್ತಾನೆ, ನಂಬಲಾಗುವುದಿಲ್ಲ. ಮನಸ್ತಾಪ ಸರಿಮಾಡಿಕೊಳ್ಳಲು ಹೋಮರ್ ಊಟಕ್ಕೆ ಕರೆದರೆ ಅಲ್ಲಿ ಲಾಬ್‌ಸ್ಟರ್, ಅರಮನೆಯಂಥ ಮನೆ, ಎರಡು ಕಾರು, ಗೋಡೆಯ ಮೇಲೆ ಹೋಮರ್ ಬಾಹ್ಯಾಕಾಶಕ್ಕೆ ಹೋದ ಫೋಟೋ. ತಾನಿರುವುದು ಒಂದೇ ಕೋಣೆಯಲ್ಲಿ, ಅದರ ಕೆಳಗೊಂದು ಬೌಲಿಂಗ್ ಅಂಗಳ, ಮೇಲೊಂದು ಬೌಲಿಂಗ್ ಅಂಗಳ ಎಂದು ಅವನು ಅರಚುತ್ತಾನೆ.

ಗ್ರೈಮ್ಸ್ ಎಲ್ಲಿಂದ ಬಂದವನು ಗೊತ್ತೇ? 1989ರ ಹೋಮರ್ ಇದ್ದ ಜಗತ್ತಿನಿಂದ. ಬೋನಸ್ ಇಲ್ಲದ, 13 ಡಾಲರ್‌ಗೆ ವೇಷ ಹಾಕುವ ಜಗತ್ತು. ಈ ಕಂತಿಗೆ ಎರಡು ವರ್ಷ ಹಿಂದೆ, ಜನವರಿ 1995ರಲ್ಲಿ, ಬೌಲಿಂಗ್ ಅಂಗಳದ ಕೆಲಸವೇ ಹೋಮರನ ಕನಸಾಗಿತ್ತು. ಕಿರಿಮಗಳು ಮ್ಯಾಗಿ ಹುಟ್ಟುವಳೆಂದು ತಿಳಿದಾಗ ಸಂಬಳ ಸಾಲದೆ ಆ ಕನಸು ಬಿಟ್ಟು ಸ್ಥಾವರಕ್ಕೆ ಮರಳುತ್ತಾನೆ. ನೀನು ಇಲ್ಲೇ ಶಾಶ್ವತ ಎಂದು ಸಾರುವ ಫಲಕವನ್ನು ಬರ್ನ್ಸ್ ಅವನೆದುರು ಹಾಕಿಸುತ್ತಾನೆ. ಹೋಮರ್ ಅದರ ಅಕ್ಷರಗಳ ಮೇಲೆ ಮಗುವಿನ ಫೋಟೋಗಳನ್ನು ಅಂಟಿಸುತ್ತಾನೆ, ಉಳಿದ ಅಕ್ಷರಗಳು ‘ಅವಳಿಗಾಗಿ ಮಾಡು’ ಎಂದು ಓದಿಸಿಕೊಳ್ಳುತ್ತವೆ. ಅಂಥ ಮನುಷ್ಯ ಎರಡೇ ವರ್ಷದಲ್ಲಿ ಗ್ರೈಮ್ಸ್‌ನನ್ನು ಹುಚ್ಚು ಹಿಡಿಸುವ ಸಿರಿವಂತನಾದ. ಹೋಮರ್ ಮಾಡುವುದನ್ನೆಲ್ಲ ತಾನೂ ಮಾಡಿ ತೋರಿಸುತ್ತೇನೆಂದು ಹೊರಟ ಗ್ರೈಮ್ಸ್ ವಿದ್ಯುತ್ ತಂತಿ ಹಿಡಿದು ಸಾಯುತ್ತಾನೆ. ಶವಸಂಸ್ಕಾರದಲ್ಲಿ ತೂಕಡಿಸುತ್ತಿದ್ದ ಹೋಮರ್, ಚಾನೆಲ್ ಬದಲಿಸು ಮಾರ್ಜ್ ಎಂದು ಗೊಣಗಿದರೆ ನೆರೆದವರೆಲ್ಲ ನಗುತ್ತಾರೆ. ಈ ಮನೆಗೆ ಇನ್ನು ಮೇಲೆ ಯಾವುದೂ ತಟ್ಟುವುದಿಲ್ಲ ಎಂದು ಸರಣಿ ತಾನೇ ಬರೆದುಕೊಂಡ ಒಪ್ಪಿಗೆಪತ್ರ ಅದು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ, ಹೆಡ್‌ಮಾಸ್ಟರ್ ಸ್ಕಿನ್ನರ್ ಅಸಲಿ ಸ್ಕಿನ್ನರ್ ಅಲ್ಲವೇ ಅಲ್ಲ ಎಂದು ಹೇಳಿ, ಕೊನೆಗೆ ಈ ಮಾತನ್ನು ಇನ್ನು ಯಾರೂ ಎತ್ತಕೂಡದು ಎಂದು ನ್ಯಾಯಾಧೀಶರಿಂದ ಆಜ್ಞೆ ಹೊರಡಿಸಿದರು. ತಮಾಷೆಯೇ, ಆದರೆ ಆಜ್ಞೆ ನಿಜಕ್ಕೂ ಜಾರಿಯಾಯಿತು ನೋಡಿ.

ಮನೆ ಖಾಲಿಯಾದ ಹೊತ್ತಿನಲ್ಲೇ ಹಳಬರೂ ಹೊರಟರು. ಬರಹಗಾರರನ್ನು ಒಟ್ಟುಗೂಡಿಸಿದ ಸ್ಯಾಮ್ ಸೈಮನ್ 1993ರಲ್ಲೇ ಬಿಟ್ಟರು. ಮಾನೋರೈಲ್ ಕಂತು ಬರೆದ ಕೋನನ್ ಓಬ್ರಯನ್ ಅದೇ ವರ್ಷ ತಮ್ಮದೇ ಟಾಕ್ ಶೋಗೆ ಹೋದರು. 1998ರಲ್ಲಿ ಫಿಲ್ ಹಾರ್ಟ್‌ಮನ್ ತೀರಿಕೊಂಡಾಗ ಅವರ ದನಿಯಿದ್ದ ಲಯೊನೆಲ್ ಹಟ್ಸ್ ಮತ್ತು ಟ್ರಾಯ್ ಮೆಕ್ಲೂರ್ ಪಾತ್ರಗಳನ್ನು ಕೈಬಿಟ್ಟರು, ಅದು ಮರ್ಯಾದೆಯ ಕೆಲಸ. 1999ರಲ್ಲಿ ಸೃಷ್ಟಿಕರ್ತ ಮ್ಯಾಟ್ ಗ್ರೇನಿಂಗ್ ಅವರೇ ‘ಫ್ಯೂಚರಾಮ’ ಎಂಬ ಇನ್ನೊಂದು ಸರಣಿ ಶುರುಮಾಡಿದರು. ಈ ಸರಣಿಯ ಕಂತುಗಳನ್ನು ಒಬ್ಬರು ಬರೆದರೂ ಎಲ್ಲರೂ ಮೇಜಿನ ಸುತ್ತ ಕೂತು ಸಾಲು ಸಾಲಾಗಿ ತಿದ್ದುತ್ತಾರೆ. ಆ ಮೇಜಿನಲ್ಲಿ ಈ ಜೋಕು ಹೋಮರನಿಗೆ ಒಗ್ಗಲ್ಲ, ತೆಗೀರಿ ಎನ್ನುವವರು ಬೇಕು. ಯಕ್ಷಗಾನದಲ್ಲಿ ಹಾಸ್ಯಗಾರ ಅತಿಯಾಗಿ ಲಂಬಿಸಿದರೆ ಭಾಗವತರು ಪದ ಎತ್ತಿ ಪ್ರಸಂಗವನ್ನು ಮುಂದಕ್ಕೆ ಒಯ್ಯುತ್ತಾರಲ್ಲ, ಹಾಗೆ.

ಎದುರಾಳಿಯೂ ಇಲ್ಲವಾದ. ಜನವರಿ 1992ರಲ್ಲಿ ಅಧ್ಯಕ್ಷ ಹಿರಿಯ ಬುಷ್, ಅಮೆರಿಕದ ಸಂಸಾರಗಳು ಸಿಂಪ್ಸನ್‌ಗಳಂತಿರದೆ ವಾಲ್ಟನ್‌ಗಳಂತಿರಬೇಕು ಎಂದು ಭಾಷಣ ಮಾಡಿದರು. ವಾಲ್ಟನ್‌ಗಳು ಹಳೆಯ ಧಾರಾವಾಹಿಯೊಂದರ ಸಜ್ಜನ ಕುಟುಂಬ, ಕಥೆ ನಡೆಯುವುದು ಆರ್ಥಿಕ ಮಹಾಕುಸಿತದ ಕಾಲದಲ್ಲಿ. ಮೂರೇ ದಿನದಲ್ಲಿ ಬಾರ್ಟ್ ಉತ್ತರ ಕೊಟ್ಟ: ನಾವೂ ವಾಲ್ಟನ್‌ಗಳ ಥರಾನೇ, ಈ ಕುಸಿತ ಮುಗೀಲಿ ಅಂತ ನಾವೂ ಪ್ರಾರ್ಥನೆ ಮಾಡ್ತಿದ್ದೀವಿ. ದುಡ್ಡಿನ ಚಿಂತೆಯಿದ್ದ ಮನೆಯ ಹುಡುಗ ಮಾತ್ರ ಕೊಡಬಲ್ಲ ಉತ್ತರ. 2003ರಲ್ಲಿ ಇದೇ ಮನೆಯವರು ಲಂಡನ್‌ಗೆ ಹೋದಾಗ ಎದುರುಗೊಂಡವರು ಟೋನಿ ಬ್ಲೇರ್, ಆಗಿನ ಬ್ರಿಟನ್ ಪ್ರಧಾನಿ, ಸ್ವಂತ ದನಿಯಲ್ಲಿ. ಬಯ್ಯಬೇಕಾದವರೇ ಬಂದು ಸ್ವಾಗತ ಕೋರಿದರೆ ಪುಂಡ ಹುಡುಗ ಏನು ಮಾಡಬೇಕು? ಅಷ್ಟರಲ್ಲಿ ಬಯ್ಗುಳ ತಿನ್ನುವ ಕೆಲಸವನ್ನು ‘ಸೌತ್ ಪಾರ್ಕ್’ ಎಂಬ ಇನ್ನೊಂದು ಕಾರ್ಟೂನ್ ಸರಣಿ ವಹಿಸಿಕೊಂಡಿತ್ತು.

ಅಪುವಿನ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು. ಹಾಸ್ಟೆಲ್‌ನಲ್ಲಿ ಕೂತು ನಾವು ನಕ್ಕ ಆ ಉಚ್ಚಾರಣೆ ಅಮೆರಿಕದಲ್ಲಿ ಬೆಳೆದ ಭಾರತೀಯ ಮಕ್ಕಳನ್ನು ಶಾಲೆಯಲ್ಲಿ ಅಣಕಿಸುವ ಸಾಧನವಾಗಿತ್ತು. ಭಾರತೀಯ ಮೂಲದ ಅಮೆರಿಕನ್ ಹಾಸ್ಯಗಾರ ಹರಿ ಕೊಂಡಬೋಲು 2017ರಲ್ಲಿ ಸಾಕ್ಷ್ಯಚಿತ್ರ ಮಾಡಿಯೇ ಅದನ್ನು ಹೇಳಬೇಕಾಯಿತು. ದನಿ ಕೊಡುತ್ತಿದ್ದ ಹ್ಯಾಂಕ್ ಅಜಾರಿಯಾ 2020ರಲ್ಲಿ ಹಿಂದೆ ಸರಿದರು. ಬೆಳೆಯಲು ಬಿಡದ ಪಾತ್ರ ಹೊರಗಿನ ಕಾಲದ ಜೊತೆ ಹೇಗೆ ಡಿಕ್ಕಿ ಹೊಡೆಯುತ್ತದೆ ಎಂಬುದಕ್ಕೆ ಇದೂ ಒಂದು ಉದಾಹರಣೆ.

ದುಡ್ಡಿನಾಸೆ ಎಂಬ ನಿಮ್ಮ ಅನುಮಾನ ಅರ್ಧ ಸರಿ. ಲಾಭ ತರುವ ಸರಣಿಯನ್ನು ಯಾವ ಚಾನೆಲ್ಲೂ ನಿಲ್ಲಿಸುವುದಿಲ್ಲ. 2025ರಲ್ಲಿ ಇನ್ನೂ ನಾಲ್ಕು ಸೀಸನ್‌ಗೆ ಒಪ್ಪಿಗೆಯಾಗಿ ಲೆಕ್ಕ ನಲವತ್ತಕ್ಕೆ ಮುಟ್ಟಲಿದೆ. ದುಡ್ಡು ಸರಣಿಯನ್ನು ಉದ್ದಮಾಡಿತು, ಅಷ್ಟೇ. ಉದ್ದವಾದದ್ದೆಲ್ಲ ಸಪ್ಪೆಯಾಗಬೇಕೆಂದಿಲ್ಲ.

ವಯಸ್ಸಾಯಿತೇ ಎಂದಿರಿ. ಆಗಿದೆ, ಇಬ್ಬರಿಗೂ. ಆದರೆ ನಿಮ್ಮ ಮಗನಿಗೆ ಹನ್ನೆರಡು, ಅವನಿಗೆ ಹಾಸ್ಟೆಲ್ ನೆನಪುಗಳಿಲ್ಲ. ಅವನೂ ಅದೇ ಜಾಗದಲ್ಲಿ ಎಡವಿದ ಎಂದರೆ ಕಲ್ಲು ಅಲ್ಲಿರುವುದು ನಿಜ.

ಹನ್ನೊಂದಕ್ಕೇ ನಿಲ್ಲಿಸಬೇಡಿ, ಆರಿಸಿ ನೋಡಿ. 2011ರಲ್ಲಿ ಮೂವತ್ತು ವರ್ಷ ಮುಂದಕ್ಕೆ ಹೋಗಿ, ಬಾರ್ಟ್ ಮತ್ತು ಲೀಸಾ ತಮ್ಮ ಮಕ್ಕಳೊಡನೆ ಕ್ರಿಸ್‌ಮಸ್‌ಗೆ ತವರಿಗೆ ಬರುವ ಕಂತಿದೆ. 2015ರಲ್ಲಿ ಬಾರ್ಟ್ ಮಗುವಿನಿಂದ ಯುವಕನಾಗುವವರೆಗೆ ಬೆಳೆಯುವ ಕಂತು. ಎರಡೂ ಹಳೆಯವಕ್ಕೆ ಹೆಗಲೆಣೆಯಾಗಿ ನಿಲ್ಲುತ್ತವೆ. ಎರಡರಲ್ಲೂ ಗಡಿಯಾರಕ್ಕೆ ಕೀ ಕೊಟ್ಟಿದ್ದಾರೆ, ಗಮನಿಸಿ. 2022ರಲ್ಲಿ ಹೋಮರ್-ಮಾರ್ಜ್ ಹಿಮದ ಕಾಡಿನಲ್ಲಿ ಮೈಮೇಲೆ ಬಟ್ಟೆಯೂ ಇಲ್ಲದೆ ಸಿಕ್ಕಿಹಾಕಿಕೊಳ್ಳುವ ಕಂತನ್ನೂ ಬಿಡಬೇಡಿ. ಅಲ್ಲಿ ಅವರಿಗೆ ಹಸಿವಾಗುತ್ತದೆ, ಚಳಿಯಾಗುತ್ತದೆ.

ಅದಕ್ಕೂ ಮುಂಚೆ ಒಂದು ಕೆಲಸ. ಮಗನಿಗೆ ಕಿನ್ನರರ ಕಂತು ಇನ್ನೂ ಹಸಿಹಸಿಯಾಗಿ ನೆನಪಿರುವಾಗಲೇ ಲೀಸಾಳ ಕುದುರೆಮರಿಯನ್ನು ಮತ್ತೊಮ್ಮೆ ಹಾಕಿ. ಹೋಮರ್ ಸ್ಟೀರಿಂಗ್ ಹಿಡಿದೇ ನಿದ್ದೆಹೋಗುವಲ್ಲಿ ಅವನು ನಗುತ್ತಾನೋ ಸುಮ್ಮನಾಗುತ್ತಾನೋ ನೋಡಿ, ನನಗೊಂದು ಸಾಲು ಬರೆಯಿರಿ.

— ಸಂ.