24 ತಾಸು ಕಾಯಿರಿ ಅಂತ ಆಕೆ ಹೇಳಬಾರದು

ನಮಸ್ಕಾರ. ನಿಮ್ಮ ಕಾದಂಬರಿಯ ಹೊಸ ಮಹಿಳಾ ಪಿಎಸ್‌ಐ, ಮಗ ಕಾಣೆಯಾದನೆಂದು ಕಾರವಾರದ ಠಾಣೆಗೆ ಅಳುತ್ತ ಬಂದ ತಾಯಿಗೆ ‘24 ತಾಸು ನೋಡಿ, ಆಮೇಲೆ ಬನ್ನಿ’ ಅಂದರೆ ನಡೆಯುತ್ತದೆಯೇ ಎಂದು ಕೇಳಿದ್ದೀರಿ. ನಡೆಯುವುದಿಲ್ಲ. ಅಂಥ ನಿಯಮವೇ ಇಲ್ಲ. ಮಗು ಕಾಣೆಯಾದರೆ ಅಪಹರಣ ಅಥವಾ ಕಳ್ಳಸಾಗಣೆ ಎಂದೇ ಭಾವಿಸಿ ಎಫ್‌ಐಆರ್ ದಾಖಲಿಸಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಕಥೆ 2024ರ ಜುಲೈ 1ರ ನಂತರದ್ದಾದರೆ ಅಪಹರಣಕ್ಕೆ ಹಳೆಯ ಐಪಿಸಿಯ 363ನೇ ಕಲಂ ಬರೆಯಬೇಡಿ, ಅದರ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 137 ಬರೆಯಿರಿ. ನಾಲ್ಕು ತಿಂಗಳಾದರೂ ಮಗು ಸಿಗದಿದ್ದರೆ ಕೇಸು ಮಾನವ ಕಳ್ಳಸಾಗಣೆ ತಡೆ ಘಟಕಕ್ಕೆ ಹೋಗಬೇಕು. ಕೇಸು ಆಕೆಯ ಕೈಬಿಟ್ಟು ಹೋಗುವ ಆ ದಿನಕ್ಕೇ ಒಂದು ಅಧ್ಯಾಯ ಕೊಡಿ.

ನೀವು ಕೇಳದ ಒಂದು ಮಾತು. ನಿಮ್ಮ ಪಿಎಸ್‌ಐ ಶಿರಸಿಯವಳು, ಠಾಣೆಗೆ ಬಂದ ತಾಯಿ ಕಾರವಾರದ ಬಂದರು ಬೈತಖೋಲದ ಮೀನುಗಾರ ಹೆಂಗಸು. ದಿಗಿಲಿನಲ್ಲಿ ಆ ತಾಯಿಯ ಬಾಯಿಂದ ಬರುವುದು ಕೊಂಕಣಿ. ಘಟ್ಟದ ಮೇಲಿನ ಹುಡುಗಿಗೆ ಅರ್ಧ ತಿಳಿಯುತ್ತದೆ, ಉಳಿದರ್ಧವನ್ನು ಹಳೇ ಹೆಡ್ ಕಾನ್‌ಸ್ಟೆಬಲ್ ಬಿಡಿಸಿ ಹೇಳಬೇಕು. ಹುಡುಗ ತೊಟ್ಟಿದ್ದ ಅಂಗಿಯ ಬಣ್ಣ ಅಲ್ಲೇ ತಪ್ಪಿಹೋಗಬಹುದು!

ಜುಲೈನಲ್ಲಿ ಟ್ರಾಲರ್ ಕಡಲಿಗಿಳಿಯುವ ದೃಶ್ಯವನ್ನು ದಯವಿಟ್ಟು ತೆಗೆಯಿರಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಬೈತಖೋಲ ಬಂದರಿನಲ್ಲಿ ಬೋಟುಗಳು ಒಂದಕ್ಕೊಂದು ಹಗ್ಗ ಬಿಗಿದುಕೊಂಡು, ತಾಡಪಾಲು ಹೊದ್ದು, ಮಳೆಯಲ್ಲಿ ಒಂದನ್ನೊಂದು ಉಜ್ಜುತ್ತ ನಿಂತಿರುತ್ತವೆ. ಮಗು ಅಡಗಲು, ಯಾರಾದರೂ ಅಡಗಿಸಲು, ಅಲ್ಲಿ ಎಷ್ಟೊಂದು ಜಾಗ. ಆಕೆ ಮೊದಲು ಅಲ್ಲಿಗೇ ಓಡಲಿ. ಆಮೇಲೆ ರೈಲು ನಿಲ್ದಾಣಕ್ಕೆ. ಅದು ಪೇಟೆಯೊಳಗಿಲ್ಲ, ಶಿರವಾಡದಲ್ಲಿದೆ.